ಅರ್ಧ ತಂಡ ಕಚೇರಿಯಲ್ಲಿ, ಅರ್ಧ ತಂಡ ಊರಿನಲ್ಲಿ: ನಡೆಸುವ ಬಗೆ

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಕಚೇರಿಯಲ್ಲಿ ಐವರು, ಶಿವಮೊಗ್ಗ, ಹುಬ್ಬಳ್ಳಿ, ಉಡುಪಿಯ ಮನೆಗಳಲ್ಲಿ ನಾಲ್ವರು ಇರುವ ಸಾಫ್ಟ್‌ವೇರ್ ತಂಡವನ್ನು ನಡೆಸುವವರು ಎಲ್ಲಕ್ಕಿಂತ ಮೊದಲು ತೀರ್ಮಾನಗಳು ಎಲ್ಲಿ ಆಗುತ್ತಿವೆ ಎಂಬುದನ್ನು ಗಮನಿಸಬೇಕು. ಒಮ್ಮೆ ವಿಡಿಯೋ ಮೀಟಿಂಗ್ ಮುಗಿಸಿ ಚಹಾಕ್ಕೆ ಇಳಿದ ನಾವು ಮೂವರು, ಆಗಷ್ಟೇ ಒಪ್ಪಿದ್ದ ವಿನ್ಯಾಸವನ್ನು ಲೋಟ ಖಾಲಿಯಾಗುವುದರೊಳಗೆ ಬದಲಿಸಿಬಿಟ್ಟೆವು. ಅದನ್ನು ಯಾರೂ ತಿಳಿಸದ ಕಾರಣ ಶಿವಮೊಗ್ಗದ ಸಹೋದ್ಯೋಗಿ ಎರಡು ದಿನ ಹಳೆಯ ವಿನ್ಯಾಸದ ಮೇಲೆಯೇ ದುಡಿದರು. ತಪ್ಪು ನನ್ನದೇ ಆಗಿತ್ತು. ಅಂದಿನಿಂದ ನಮ್ಮಲ್ಲಿ ಏನು ನಿರ್ಧಾರವಾಯಿತು, ಏಕೆ, ಯಾರು, ಯಾವಾಗಿನೊಳಗೆ ಮಾಡಬೇಕು ಎಂಬುದನ್ನು ಅದೇ ದಿನ, ಪ್ರತಿ ಕೆಲಸಕ್ಕೂ ತೆರೆಯುವ ಆನ್‌ಲೈನ್ ದಾಖಲೆಯಾದ ಟಿಕೆಟ್‌ನಲ್ಲಿ ಬರೆಯುವವರೆಗೆ ಯಾವ ಮಾತನ್ನೂ ತೀರ್ಮಾನವೆಂದು ಪರಿಗಣಿಸುವುದಿಲ್ಲ.

ಮೀಟಿಂಗ್‌ಗೆ ಒಬ್ಬರು ಹೊರಗಿನಿಂದ ಸೇರುವುದಿದ್ದರೂ ಕಚೇರಿಯಲ್ಲಿರುವವರು ತಮ್ಮ ತಮ್ಮ ಮೇಜಿನಿಂದಲೇ ಹೆಡ್‌ಸೆಟ್ ಹಾಕಿಕೊಂಡು ಸೇರುವುದು ಒಳ್ಳೆಯದು. ಒಂದೇ ಕೋಣೆಯಲ್ಲಿ ಕುಳಿತರೆ ಗೋಡೆಯ ಬೋರ್ಡಿನ ಬರಹ ಕ್ಯಾಮೆರಾಕ್ಕೆ ಕಾಣಿಸುವುದಿಲ್ಲ, ಇಬ್ಬರ ಪಿಸುಮಾತು ಹೊರಗಿನವರಿಗೆ ಬರೀ ಗದ್ದಲವಾಗಿ ಕೇಳಿಸುತ್ತದೆ, ನಗು ಬಂದದ್ದೇಕೆಂದು ಅವರಿಗೆ ತಿಳಿಯುವುದೂ ಇಲ್ಲ. ಅಭಿಪ್ರಾಯವನ್ನು ದೂರದಲ್ಲಿರುವವರಿಂದಲೇ, ಹೆಸರು ಹಿಡಿದು, ಮೊದಲು ಕೇಳಬೇಕು, ಕೊನೆಯ ನಿಮಿಷದಲ್ಲಿ “ಆನ್‌ಲೈನ್‌ನಲ್ಲಿರುವವರು ಏನಾದರೂ ಹೇಳುವುದಿದೆಯೇ?” ಎಂದರೆ ಮೌನವಲ್ಲದೆ ಬೇರೇನೂ ಸಿಗದು.

ಮನೆಯಿಂದ ಕೆಲಸವೆಂದರೆ ಕೆಲಸಗಳ್ಳತನ ಎಂದು ಅನುಮಾನಿಸುವ ಮ್ಯಾನೇಜರುಗಳು ಚೀನಾದ ಟ್ರಿಪ್.ಕಾಮ್ ಕಂಪನಿಯ ಪ್ರಯೋಗವನ್ನು ನೋಡಬಹುದು. 1,612 ಉದ್ಯೋಗಿಗಳನ್ನು ಹುಟ್ಟಿದ ದಿನಾಂಕದ ಸರಿ-ಬೆಸದ ಮೇಲೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟಾಗ, ಆ ಗುಂಪಿನಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗದಷ್ಟು ತಗ್ಗಿತು, ಕೆಲಸದ ಗುಣಮಟ್ಟ ಕುಸಿಯಲಿಲ್ಲ ಎಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಅಲ್ಲಿ ಮನೆಯ ದಿನಗಳು ಬುಧವಾರ ಮತ್ತು ಶುಕ್ರವಾರವೆಂದು ನಿಗದಿಯಾಗಿದ್ದವು ಎಂಬುದನ್ನು ಮರೆಯಬಾರದು. ಒಬ್ಬೊಬ್ಬರು ಒಂದೊಂದು ದಿನ ಬಂದರೆ, ಸಿಲ್ಕ್ ಬೋರ್ಡ್ ದಾಟಿ ಬಂದವರು ಕಚೇರಿಯಲ್ಲಿ ಕುಳಿತು ಮನೆಯಲ್ಲಿರುವವರೊಂದಿಗೆ ವಿಡಿಯೋದಲ್ಲಿ ಮಾತನಾಡುವ ವಿಚಿತ್ರ ಎದುರಾಗುತ್ತದೆ. ನಗರದಲ್ಲಿರುವವರಿಗೆ ಒಂದೇ ದಿನಗಳನ್ನು ಗೊತ್ತುಪಡಿಸಿ, ಊರಿನಲ್ಲಿರುವವರನ್ನು ಮೂರು ತಿಂಗಳಿಗೊಮ್ಮೆ ಕಂಪನಿಯ ಖರ್ಚಿನಲ್ಲಿ ಕರೆಸಿ, ಯೋಜನೆ ರೂಪಿಸುವುದನ್ನೂ ಬಗೆಹರಿಯದ ಜಗಳಗಳನ್ನೂ ಆ ದಿನಗಳಿಗೆ ಇಟ್ಟುಕೊಳ್ಳಬೇಕು. ಹೊಸಬರು ಮಾತ್ರ ಮೊದಲ ಕೆಲವು ವಾರ ಹಳಬರ ಪಕ್ಕದಲ್ಲೇ ಕೂರಲಿ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ಕರೆಂಟೂ ನೆಟ್ಟೂ ಒಟ್ಟಿಗೆ ಕೈಕೊಡುತ್ತವೆ. ರೌಟರಿಗೆ ಯುಪಿಎಸ್, ಬೇರೆ ಕಂಪನಿಯ ಎರಡನೇ ಸಿಮ್ ಎರಡಕ್ಕೂ ಸಂಸ್ಥೆಯೇ ಹಣ ಕೊಡುವುದು ನ್ಯಾಯ.

ಅಪ್ರೈಸಲ್, ಅಂದರೆ ಕೆಲಸದ ಮೌಲ್ಯಮಾಪನದ ಸಮಯದಲ್ಲಿ ಪಕ್ಕದ ಮೇಜಿನವರ ಶ್ರಮ ತಾನಾಗಿ ನೆನಪಾಗುತ್ತದೆ, ಹುಬ್ಬಳ್ಳಿಯವರದು ಹುಡುಕಿದರೆ ಮಾತ್ರ. ಆದ್ದರಿಂದ ಬರೆಯಲು ಕೂರುವ ಮೊದಲು ಒಂಬತ್ತು ಜನರ ಟಿಕೆಟ್‌ಗಳನ್ನೂ ತೆರೆದು, ಅವರು ಇತರರ ಕೋಡ್ ಪರಿಶೀಲಿಸಿ ಬರೆದ ಟಿಪ್ಪಣಿಗಳನ್ನೂ ಓದಬೇಕು. ನಾನು ಹಾಗೆ ಮಾಡಿದ ಮೊದಲ ವರ್ಷ, ಮೊದಲೇ ಮನಸ್ಸಿನಲ್ಲಿ ಹಾಕಿಕೊಂಡಿದ್ದ ಎರಡು ರೇಟಿಂಗ್‌ಗಳನ್ನು ಬದಲಿಸಬೇಕಾಯಿತು.