ಬಿಕಿನಿ ವ್ಯಾಕ್ಸ್: ಯಾರಿಗೆ ಯಾವ ಬಗೆ? ಮೈಸೂರಿನ ಪಾರ್ಲರಿನಲ್ಲಿ ನನ್ನ ಅನುಭವ

ಮೊದಲ ಸಲ ಬಂದವರಿಗೆ ನಾನು ಫುಲ್ ಬಿಕಿನಿ ವ್ಯಾಕ್ಸ್, ಅಂದರೆ ಗುಪ್ತಾಂಗದ ಸುತ್ತಲಿನ ಕೂದಲನ್ನೆಲ್ಲ ವ್ಯಾಕ್ಸ್ ಹಚ್ಚಿ ತೆಗೆಯುವುದನ್ನು, ಮಾಡುವುದಿಲ್ಲ. ಎಷ್ಟು ಕೊಡ್ತೀನಿ ಅಂದರೂ ಇಲ್ಲ. ಮೊದಲು ಬರೀ ಲೈನ್, ಅಂದರೆ ಪ್ಯಾಂಟಿ ಅಂಚಿನಿಂದ ಹೊರಗೆ ಕಾಣುವಷ್ಟು. ಐದಾರು ವಾರ ಬಿಟ್ಟು ಬೇಕೆನಿಸಿದರೆ ಅಂಚಿನಿಂದ ಸ್ವಲ್ಪ ಒಳಕ್ಕೆ, ಅದು ಫ್ರೆಂಚ್, ಅದಾದ ಮೇಲೂ ಬೇಕು ಅಂದರೆ ಹಿಂದಿನವರೆಗೂ ತೆಗೆಯುವ ಬ್ರೆಜಿಲಿಯನ್. ಈ ಪದ್ಧತಿ ಶುರು ಮಾಡಿದಾಗ ನನಗೆ ಕೆಲಸ ಕಲಿಸಿದ ಅಕ್ಕನೇ, "ಸಾವಿರದ ಕೆಲಸ ಬಿಟ್ಟು ಮುನ್ನೂರರ ಕೆಲಸ ಮಾಡ್ತಿದ್ದೀಯಲ್ಲ, ಬಾಡಿಗೆ ಎಲ್ಲಿಂದ ಕಟ್ತೀಯ?" ಅಂದರು. ಸಗಟು ಅಂಗಡಿಯವರು ಇದಕ್ಕೆ ಬೇಕಾದ, ಬಟ್ಟೆಯ ಸ್ಟ್ರಿಪ್ ಇಲ್ಲದೆ ಎಳೆಯುವ ಹಾರ್ಡ್ ವ್ಯಾಕ್ಸ್ ತೂಗುವಾಗಲೇ, "ಮೇಡಂ, ಇದು ಬೆಂಗಳೂರಲ್ಲಿ ಓಡುತ್ತೆ, ಮೈಸೂರಲ್ಲಿ ಯಾರು ಮಾಡಿಸ್ಕೋತಾರೆ? ವಾಪಸ್ ಮಾತ್ರ ತಗೊಳ್ಳಲ್ಲ" ಅಂತ ಹೇಳಿಬಿಟ್ಟಿದ್ದರು. ಈಗ ನಮ್ಮ ಕಡೆಯ ಮೂರ್ನಾಲ್ಕು ಪಾರ್ಲರಿನವರು ಈ ಕೆಲಸಕ್ಕೆ ತಮ್ಮ ಕಸ್ಟಮರುಗಳನ್ನೇ ನನ್ನ ಹತ್ತಿರ ಕಳಿಸುತ್ತಾರೆ. ಅಕ್ಕನೂ ಕಳಿಸುತ್ತಾರೆ.

ಅಂಡರ್ ಆರ್ಮ್ಸ್ ಚೆನ್ನಾಗಿ ಮಾಡುವ ಕೈ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಹೀಟರ್, ಸ್ಟ್ರಿಪ್, ಪೌಡರ್ ಇವನ್ನೆಲ್ಲ ಮತ್ತೆ ಹೇಳುವುದಿಲ್ಲ.

ಬಂಡವಾಳದ ವಿಷಯದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಎಲ್ಲರೂ ಬಿಟ್ಟುಕೊಟ್ಟದ್ದು ಅಲ್ಲೇ. ಬೇರೆ ಹೀಟರ್, ಐದು ಕೆಜಿ ಬೀಡ್ಸ್ (ಕಾಳಿನಂತಿರುವ ಹಾರ್ಡ್ ವ್ಯಾಕ್ಸ್), ಕೋಣೆಗೆ ಒಳಗಿನಿಂದ ಚಿಲಕ, ಎತ್ತರದ ಮಂಚ, ಒಳ್ಳೆ ದೀಪ ಅಂತ ಸುಮಾರು ಇಪ್ಪತ್ತೈದು ಸಾವಿರ ಹೋಯಿತು. ಮೊದಲ ಎರಡು ಮೂರು ತಿಂಗಳು ಬೀಡ್ಸ್ ಚೀಲ ಹಾಗೇ ಕೂತಿತ್ತು. ಕೆಲಸಕ್ಕಿದ್ದ ಇಬ್ಬರು ಹುಡುಗಿಯರು "ಅದೊಂದು ಮಾತ್ರ ನಾವು ಮಾಡಲ್ಲ ಅಕ್ಕಾ" ಅಂದರು. ಒಬ್ಬಳ ಅಮ್ಮ ಬಂದು ಅವಳನ್ನು ಕರೆದುಕೊಂಡೇ ಹೋದರು. ಒತ್ತಾಯ ಮಾಡಲಿಲ್ಲ. ಉಳಿದವಳಿಗೆ ಈ ಕೆಲಸಕ್ಕೆ ಒಂದೊಂದಕ್ಕೂ ನೂರು ರೂಪಾಯಿ ಮೇಲೆ ಕೊಡ್ತೀನಿ, ಬೇಡ ಅನ್ನಿಸಿದ ದಿನ ಹೇಳಿಬಿಡು ಅಂದೆ. ಇಂದು ಅವಳ ಕೈ ನನ್ನ ಕೈಯಷ್ಟೇ ಹಗುರ. ಅವಳಿಗೆ ಒಂದು ವಿಷಯವನ್ನೂ ಹೇಳಿದ್ದೆ: ನ್ಯೂಯಾರ್ಕಿನಲ್ಲಿ ಬ್ರೆಜಿಲ್‌ನಿಂದ ಬಂದ ಏಳು ಜನ ಅಕ್ಕತಂಗಿಯರು ಒಂದು ಪಾರ್ಲರ್ ನಡೆಸುತ್ತಿದ್ದರು, ಜೆ ಸಿಸ್ಟರ್ಸ್ ಅಂತ. ಏಳೂ ಜನರ ಹೆಸರು ಜೆ ಅಕ್ಷರದಿಂದಲೇ ಶುರು. ಬ್ರೆಜಿಲಿಯನ್ ವ್ಯಾಕ್ಸನ್ನು ಅಮೆರಿಕಕ್ಕೆ ಪರಿಚಯಿಸಿದವರು ಅವರೇ ಅನ್ನುತ್ತಾರೆ. ಹೆಂಗಸರು ಮರ್ಯಾದೆಯಿಂದ ಕಟ್ಟಿದ ಕಸುಬು ಇದು ಅಂತ ಅವಳಿಗೆ ಹೇಳಿದ್ದೆ. ಆ ಮಾತು ಅವಳಿಗೆ ಹಿಡಿಸಿತು.

ನನ್ನ ಮೊದಲ ಕಸ್ಟಮರುಗಳು ಊರಿನವರಲ್ಲ. ಮೈಸೂರಿನ ಗೋಕುಲಂ ಬಡಾವಣೆ ನಮಗೆ ಹತ್ತಿರ. ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿ ಹೆಂಗಸರು ಅಲ್ಲಿ ಮನೆ ಹಿಡಿದು ತಿಂಗಳುಗಟ್ಟಲೆ ಇರುತ್ತಾರೆ. ಅವರಿಗೆ ಏನು ಬೇಕು ಅಂತ ಗೊತ್ತು, ಬಾಯಿಬಿಟ್ಟು ಕೇಳುತ್ತಾರೆ. ತೊಂದರೆ ಏನೆಂದರೆ ಇಬ್ಬರು "ಬ್ರೆಜಿಲಿಯನ್" ಅಂದರೆ ಒಬ್ಬರಿಗೆ ಮುಂದೆ ಕೂದಲಿನ ಒಂದು ಪಟ್ಟಿ ಉಳಿಯಬೇಕು, ಇನ್ನೊಬ್ಬರಿಗೆ ಏನೂ ಉಳಿಯಬಾರದು. ಇಂಗ್ಲೆಂಡಿನವರು ಪೂರ್ತಿ ತೆಗೆಸುವುದಕ್ಕೆ ಹಾಲಿವುಡ್ ಅನ್ನುತ್ತಾರೆ. ನಮ್ಮ ರೇಟ್ ಕಾರ್ಡುಗಳಲ್ಲಿ ಬಿಕಿನಿ ಅಂತ ಬರೆದಿದ್ದರೆ ಬಹಳ ಕಡೆ ಪೂರ್ತಿ ಅಂತಲೇ ಲೆಕ್ಕ. ವ್ಯಾಕ್ಸ್ ಹಚ್ಚಿ ಎಳೆದ ಮೇಲೆ ಅಯ್ಯೋ ಇದಲ್ಲ ಅಂದರೆ ಮತ್ತೆ ಅಂಟಿಸಲಾಗುತ್ತದೆಯೇ? ಅದಕ್ಕೆ ಒಂದು ದಪ್ಪ ಕಾಗದದ ಮೇಲೆ ನಾಲ್ಕು ಚಿತ್ರ ಬರೆಸಿ ಲ್ಯಾಮಿನೇಟ್ ಮಾಡಿಸಿದೆ. ಒಂದರಲ್ಲಿ ಪ್ಯಾಂಟಿ ಅಂಚಿನಿಂದ ಹೊರಗೆ ಕಾಣುವಷ್ಟು ಮಾತ್ರ, ಅದು ಲೈನ್. ಎರಡನೆಯದರಲ್ಲಿ ಅಂಚಿನಿಂದ ಎರಡು ಮೂರು ಬೆರಳು ಒಳಕ್ಕೆ, ಮುಂದಿನ ಭಾಗ ಮಾತ್ರ, ಹಿಂದೆ ಮುಟ್ಟುವುದಿಲ್ಲ, ಅದು ಫ್ರೆಂಚ್. ಮೂರನೆಯದರಲ್ಲಿ ಮುಂದೆ ಪಟ್ಟಿ ಬಿಟ್ಟು ಹಿಂದಿನವರೆಗೂ, ಅದು ಬ್ರೆಜಿಲಿಯನ್, ನಾಲ್ಕನೆಯದರಲ್ಲಿ ಪೂರ್ತಿ, ಅದೇ ಫುಲ್. ಬಣ್ಣ ಹಾಕಿದ್ದು ತೆಗೆಯುವ ಜಾಗ. ಬೆರಳಿಟ್ಟು ತೋರಿಸಿ ಅನ್ನುತ್ತೇನೆ. ಮಾತಿನಲ್ಲಿ ಹೇಳಲು ನಾಚುವ ನಮ್ಮ ಹೆಣ್ಣುಮಕ್ಕಳಿಗೂ ಈ ಕಾರ್ಡಿನಿಂದ ತುಂಬಾ ಸಲೀಸಾಯಿತು. ಮಾಡಿಸಿದ ಖರ್ಚು ಇನ್ನೂರು ರೂಪಾಯಿ ಇರಬಹುದು. ನಾನು ಹಾಕಿದ ದುಡ್ಡಿನಲ್ಲಿ ಅತಿ ಹೆಚ್ಚು ತಂದುಕೊಟ್ಟದ್ದು ಅದೇ.

ಯೋಗದವರಿಂದ ಇನ್ನೊಂದು ಕಲಿತೆ. ವ್ಯಾಕ್ಸ್ ಆದ ಮೇಲೆ ಒಂದೆರಡು ದಿನ ಬೆವರು, ಬಿಗಿ ಬಟ್ಟೆ, ಬಿಸಿನೀರು, ಈಜು, ಗಂಡನ ಸಹವಾಸ ಯಾವುದೂ ಬೇಡ. ಇವರೋ ಬೆಳಗಿನ ಜಾವಕ್ಕೇ ಎದ್ದು ಬಿಗಿ ಲೆಗ್ಗಿಂಗ್ಸ್ ಹಾಕಿ ಬೆವರು ಸುರಿಸುವವರು. ಹಾಗೇ ಹೋಗಿ ಕೆಂಪು ಗುಳ್ಳೆ ಎಬ್ಬಿಸಿಕೊಂಡು ಬರುತ್ತಿದ್ದರು. ಅವರ ಅಷ್ಟಾಂಗ ಪದ್ಧತಿಯಲ್ಲಿ ವಾರಕ್ಕೊಂದು ದಿನ ರಜೆ, ಅದರ ಮೇಲೆ ಅಮಾವಾಸ್ಯೆ, ಹುಣ್ಣಿಮೆಗೂ ಅಭ್ಯಾಸ ಇಲ್ಲ. ಕ್ಯಾಲೆಂಡರ್ ನೋಡಿ ಅಮಾವಾಸ್ಯೆ, ಹುಣ್ಣಿಮೆಯ ಹಿಂದಿನ ದಿನ ಅವರು ಅಭ್ಯಾಸ ಮುಗಿಸಿ ಬಂದ ಮೇಲಿನ ಹೊತ್ತನ್ನೆಲ್ಲ ಅವರಿಗೇ ಅಂತ ಎತ್ತಿಟ್ಟೆ. ಗುಳ್ಳೆ ನಿಂತವು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ಚಳಿಗಾಲದ ಸೀಸನ್ನಿನಲ್ಲಿ ಆ ದಿನಗಳಿಗೆ ನಮ್ಮಲ್ಲಿ ಜಾಗ ಸಿಗುವುದೇ ಕಷ್ಟ ಅನ್ನುವಂತಾಯಿತು.

ಈಗ ವ್ಯಾಕ್ಸಿನ ಮಾತು. ಶುರುವಿನಲ್ಲಿ ಎಲ್ಲರಂತೆ ಹನಿ ವ್ಯಾಕ್ಸ್, ಸ್ಟ್ರಿಪ್. ಲೈನ್‌ಗೆ ಅದೇ ಸಾಕು, ಇವತ್ತಿಗೂ ತೊಡೆಯ ಕಡೆಯ ಸಣ್ಣ ಕೂದಲಿಗೆ ರಿಕಾ ಅನ್ನುವ ಸ್ಟ್ರಿಪ್ ವ್ಯಾಕ್ಸ್ ಬಳಸುತ್ತೇನೆ. ಆದರೆ ಒಳಕ್ಕೆ ಹೋದಂತೆ ಚರ್ಮ ತೆಳು, ಸಡಿಲ. ಸ್ಟ್ರಿಪ್ ವ್ಯಾಕ್ಸ್ ಕೂದಲಿನ ಜೊತೆ ಚರ್ಮವನ್ನೂ ಹಿಡಿದು ಎಳೆಯುತ್ತದೆ, ಕಂದುಗಟ್ಟುತ್ತದೆ. ಒಂದೇ ಜಾಗಕ್ಕೆ ಎರಡನೇ ಸಲ ಹಾಕಿದರಂತೂ ಸಿಪ್ಪೆಯೇ ಏಳುತ್ತದೆ. ಹಾರ್ಡ್ ವ್ಯಾಕ್ಸ್ ಆರುತ್ತಾ ಕೂದಲನ್ನು ಬಿಗಿಯಾಗಿ ಹಿಡಿಯುತ್ತದೆ, ಚರ್ಮಕ್ಕೆ ಅಷ್ಟು ಅಂಟುವುದಿಲ್ಲ. ಕೆಳಗೆ ಒಂದು ಹನಿ ಎಣ್ಣೆ ಸವರಿದ್ದರೆ ಇನ್ನೂ ಒಳ್ಳೆಯದು. ಜೇನಿನ ಹದಕ್ಕೆ ಕರಗಿರಬೇಕು. ಬಿಸಿಯನ್ನು ನನ್ನ ಮಣಿಕಟ್ಟಿನ ಒಳಬದಿಯಲ್ಲಿ ನೋಡದೆ ಯಾರ ಮೈಗೂ ಹಚ್ಚುವುದಿಲ್ಲ.

ಹಾರ್ಡ್ ವ್ಯಾಕ್ಸನ್ನು ಒಲಿಸಿಕೊಳ್ಳಲು ಒಂದು ಡಿಸೆಂಬರ್ ಪೂರ್ತಿ ಬೇಕಾಯಿತು. ಚಳಿಯ ಬೆಳಗ್ಗೆ, ಮೇಲೆ ಫ್ಯಾನ್ ಬೇರೆ, ವ್ಯಾಕ್ಸ್ ಆರಿ ಗಾಜಿನ ಚೂರಿನಂತೆ ಮುರಿಯುತ್ತಿತ್ತು. ಒಂದೊಂದೇ ಚೂರು ಕೀಳುವಾಗ ಕಸ್ಟಮರಿಗೆ ನೋವು, ನನಗೆ ಸಂಕಟ, ಒಂದೇ ಕೆಲಸಕ್ಕೆ ಒಂದೂವರೆ ಗಂಟೆ, ಕಾಲು ಕೆಜಿ ಬೀಡ್ಸ್. ಕೊನೆಗೆ ಕುದುರಿದ್ದು ಹೀಗೆ: ಫ್ಯಾನ್ ಆಫ್, ಎರಡು ಬೆರಳಗಲಕ್ಕಿಂತ ದೊಡ್ಡ ಪಟ್ಟಿ ಹಾಕುವಂತಿಲ್ಲ, ಅಂಚು ತೆಳ್ಳಗಾಗಲು ಬಿಡುವಂತಿಲ್ಲ, ಎಳೆಯುವ ತುದಿಯಲ್ಲಿ ಹಿಡಿಯಲು ದಪ್ಪಗೆ ಒಂದು ತುಟಿ. ಮೇಲೆ ಅಂಟು ಹೋಗಿ ಇನ್ನೂ ಬಾಗುವಂತಿರುವಾಗಲೇ ಎಳೆಯಬೇಕು. ಪೂರ್ತಿ ಒಣಗಲಿ ಅಂತ ಕಾದರೆ ಕೆಟ್ಟಿತು. ಚರ್ಮವನ್ನು ಇನ್ನೊಂದು ಕೈಯಲ್ಲಿ ಬಿಗಿ ಹಿಡಿದು, ಮೇಲಕ್ಕಲ್ಲ, ಚರ್ಮಕ್ಕೆ ಒರಗಿದಂತೆ ಎಳೆದು, ತಕ್ಷಣ ಅಂಗೈ ಒತ್ತಬೇಕು. ಕೂದಲು ಅಲ್ಲಿ ಒಂದೇ ದಿಕ್ಕಿಗೆ ಬೆಳೆದಿರುವುದಿಲ್ಲ, ಮೇಲೆ ಒಂದು, ಪಕ್ಕದಲ್ಲಿ ಇನ್ನೊಂದು. ಪ್ರತಿ ಪಟ್ಟಿಗೂ ಸವರಿ ನೋಡಿಯೇ ಹಾಕಬೇಕು. ಮೊದಲ ಪಟ್ಟಿ ಎಲ್ಲಿ ಎಳೆಯುತ್ತೇನೆ, ಹಚ್ಚುವ ಮುಂಚಿನ ಎಣ್ಣೆಗೆ ಏನು ಬೆರೆಸುತ್ತೇನೆ ಎಂಬೆರಡನ್ನು ಇಲ್ಲಿ ಬರೆಯುವುದಿಲ್ಲ. ಅವು ನನ್ನ ಹತ್ತಿರ ಕಲಿಯಲು ಬಂದವರಿಗೆ.

ನಡುವೆ ಸಕ್ಕರೆ ಪೇಸ್ಟಿನ ಹಿಂದೆ ಬಿದ್ದಿದ್ದೆ. ಒಂದು ಕೆಜಿ ಸಕ್ಕರೆಗೆ ಐದು ನಿಂಬೆಹಣ್ಣು, ಸಣ್ಣ ಲೋಟ ನೀರು, ಬಂಗಾರದ ಬಣ್ಣ ಬರುವವರೆಗೆ ಸಣ್ಣ ಉರಿ. ನಿಂಬೆರಸ ಇಲ್ಲದಿದ್ದರೆ ಆರಿದ ಮೇಲೆ ಹರಳುಗಟ್ಟುತ್ತದೆ. ಉಗುರುಬೆಚ್ಚಗಿರುವಾಗ ಕೈಯಲ್ಲೇ ಕೂದಲಿನ ವಿರುದ್ಧ ದಿಕ್ಕಿಗೆ ಎಳೆದು ಹಚ್ಚಿ, ಬೆಳೆದ ದಿಕ್ಕಿಗೇ ಜಾಡಿಸಿ ತೆಗೆಯುವುದು. ಸುಡುವ ಭಯ ಕಡಿಮೆ, ನೀರಿನಲ್ಲಿ ತೊಳೆದರೆ ಹೋಗುತ್ತದೆ, ಖರ್ಚು ಒಬ್ಬರಿಗೆ ಹತ್ತು ರೂಪಾಯಿ ದಾಟುವುದಿಲ್ಲ. ಜನವರಿಯಲ್ಲಿ ಅದ್ಭುತವಾಗಿ ಬಂತು. ಜುಲೈ ಮಳೆಯಲ್ಲಿ ಅದೇ ಪೇಸ್ಟ್ ಗಾಳಿಯ ತೇವ ಕುಡಿದು ಅಂಗೈಯಲ್ಲಿ ಪಾಯಸವಾಯಿತು. ಮಂಡ್ಯದ ಅಚ್ಚುಬೆಲ್ಲದಲ್ಲೂ ಮಾಡಿ ನೋಡಿದೆ, ಹದಕ್ಕೆ ಬರುವ ಮೊದಲೇ ತಳ ಹಿಡಿದು ಕರಕಲಾಯಿತು. ಹಾಗಾಗಿ ಸಕ್ಕರೆ ಚಳಿಗಾಲಕ್ಕೆ ಮಾತ್ರ, ಅದೂ ಲೈನ್ ಮತ್ತು ಫ್ರೆಂಚ್‌ಗೆ. ಟಾಲ್ಕಮ್ ಬಿಟ್ಟು ಜೋಳದ ಪಿಷ್ಟ, ಅದೇ ಕಾರ್ನ್ ಫ್ಲೋರ್, ಬಳಸಿದ ಪ್ರಯೋಗ ಮಾತ್ರ ಪೂರ್ತಿ ಗೆದ್ದಿತು. ಈಗ ಪೌಡರ್ ಡಬ್ಬಿಯಲ್ಲಿ ಇರುವುದು ಅದೇ.

ಊರಿನ ಹೆಣ್ಣುಮಕ್ಕಳು ಬರತೊಡಗಿದ್ದು ಮದುವೆ ಪ್ಯಾಕೇಜಿನಿಂದ. ಮದುವೆಗೆ ಎರಡು ದಿನ ಇರುವಾಗ ಬಂದು "ಫುಲ್ ಮಾಡಿ ಮೇಡಂ" ಅನ್ನುತ್ತಾರೆ. ಜೀವನದಲ್ಲಿ ಅಲ್ಲಿ ರೇಜರ್ ಬಿಟ್ಟು ಬೇರೇನೂ ಮುಟ್ಟಿಸದ ಹುಡುಗಿ. ರೇಜರ್ ಹಾಕಿದ ಕೂದಲು ಒಂದೇ ಅಳತೆಗೆ ಇರುವುದಿಲ್ಲ, ಐದಾರು ಮಿಲಿಮೀಟರ್ ಇರದಿದ್ದರೆ ವ್ಯಾಕ್ಸ್ ಹಿಡಿಯುವುದೂ ಇಲ್ಲ. ನಾಲ್ಕೇ ದಿನಕ್ಕೆ ಅಲ್ಲಲ್ಲಿ ಚುಚ್ಚುತ್ತದೆ, ಚರ್ಮ ಊದಿಕೊಂಡಿರುತ್ತದೆ. ರೇಷ್ಮೆ ಸೀರೆ, ಹೋಮದ ಹೊಗೆ, ದಿನವಿಡೀ ಕೂತು ಏಳುವ ಶಾಸ್ತ್ರ, ಅದರ ನಡುವೆ ಇದು ಯಾಕೆ ಬೇಕು? ಅವರಿಗೆ ಲೈನ್ ಮಾತ್ರ. ಮೂರು ತಿಂಗಳ ಮುಂಚೆಯೇ ಬಂದರೆ ಐದಾರು ವಾರಕ್ಕೊಮ್ಮೆ ಹೆಚ್ಚಿಸುತ್ತಾ ಹೋಗುತ್ತೇನೆ. ಮೂರನೇ ಸಲಕ್ಕೆ ಕೂದಲು ತೆಳುವಾಗಿ, ನೋವು ಅರ್ಧಕ್ಕಿಳಿದಿರುತ್ತದೆ. ಒಮ್ಮೆಗೇ ಫುಲ್ ಮಾಡಿಸಿಕೊಂಡವರಲ್ಲಿ ಅರ್ಧಕ್ಕರ್ಧ ಎರಡನೇ ಸಲ ಬರುತ್ತಿರಲಿಲ್ಲ. ಹೀಗೆ ಮೆಟ್ಟಿಲು ಹತ್ತಿಸಿದವರಲ್ಲಿ ಹತ್ತಕ್ಕೆ ಏಳೆಂಟು ಜನ ಉಳಿದಿದ್ದಾರೆ. ಅಕ್ಕನ ಬಾಯಿ ಮುಚ್ಚಿಸಿದ್ದು ಈ ಲೆಕ್ಕ.

ಕಾರ್ಡ್ ತೋರಿಸುವ ಮೊದಲೇ ನಾನು ಕೆಲವನ್ನು ಕೇಳಿಬಿಡುತ್ತೇನೆ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತಗೊಳ್ಳುತ್ತಿದ್ದರೆ, ನಿಲ್ಲಿಸಿ ಆರು ತಿಂಗಳಾಗುವವರೆಗೂ ಯಾವ ಬಗೆಯೂ ಇಲ್ಲ, ಚರ್ಮ ಕಿತ್ತು ಬರುತ್ತದೆ. ಶುಗರ್, ರಕ್ತ ತೆಳುವಾಗುವ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳಿ ಬನ್ನಿ. ಗುಳ್ಳೆ, ಹುಣ್ಣು ಇದ್ದರೆ ವಾಪಸ್. ಮುಟ್ಟಿಗೆ ಎರಡು ಮೂರು ದಿನ ಇದ್ದರೆ ಮುಗಿದ ಮೇಲಿನ ವಾರಕ್ಕೆ ಬನ್ನಿ, ನೋವು ಕಡಿಮೆ. ಹದಿನೆಂಟು ತುಂಬದವರಿಗೆ ಅಮ್ಮ ಜೊತೆಗಿದ್ದರೂ ಮಾಡುವುದಿಲ್ಲ.

ಇನ್ನು ಇನ್‌ಗ್ರೋತ್. ದಪ್ಪ, ಗುಂಗುರು ಕೂದಲಿನವರಿಗೆ, ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇರುವವರಿಗೆ ಪ್ಯಾಂಟಿಯ ಎಲಾಸ್ಟಿಕ್ ಉಜ್ಜುವ ಜಾಗದಲ್ಲೇ ಕೂದಲು ಒಳಗೇ ಸುತ್ತಿಕೊಂಡು ಗಂಟಾಗುತ್ತದೆ. ಅಂಥವರಿಗೆ ಹತ್ತಿಯ ಸಡಿಲ ಒಳಉಡುಪು, ಮೂರ್ನಾಲ್ಕು ದಿನದ ನಂತರ ವಾರಕ್ಕೆರಡು ಸಲ ಮೆತ್ತಗೆ ಸ್ಕ್ರಬ್. ಆದರೂ ನಿಲ್ಲದಿದ್ದರೆ ಕತ್ತರಿಯಲ್ಲಿ ಟ್ರಿಮ್ ಮಾಡಿಕೊಳ್ಳಿ, ವ್ಯಾಕ್ಸ್ ನಿಮಗಲ್ಲ ಅಂತ ನಾನೇ ಹೇಳುತ್ತೇನೆ. ದಿನವಿಡೀ ಸ್ಕೂಟರ್ ಓಡಿಸುವವರಿಗೆ, ಬಸ್ಸಿನಲ್ಲಿ ನಿಂತು ಓಡಾಡುವ ನರ್ಸುಗಳಿಗೆ ಪೂರ್ತಿಗಿಂತ ಫ್ರೆಂಚ್ ಹೆಚ್ಚು ಸುಖ. ಅಲ್ಲಿನ ಕೂದಲು ಉಜ್ಜುವಿಕೆಯನ್ನು ತಡೆಯುತ್ತದೆ ಎಂಬುದನ್ನು ಮರೆಯಬಾರದು. ಕೂದಲು ಕೊಳಕು ಅಂತ ಯಾರೋ ತಲೆಗೆ ತುಂಬಿ ಕಳಿಸಿದ ಹುಡುಗಿಯರು ಬರುತ್ತಾರೆ. ಗಂಡ ಹೇಳಿದರು ಅಂತ ಕಣ್ಣು ಕೆಳಗೆ ಹಾಕಿ ನಿಲ್ಲುವವರೂ ಉಂಟು. ಕೊಳಕಲ್ಲಮ್ಮ, ಆರೋಗ್ಯಕ್ಕೆ ಇದು ಬೇಕಾಗಿಲ್ಲ, ನಿನಗೆ ಇಷ್ಟವಿದ್ದರೆ ಮಾತ್ರ ಮಾಡೋಣ ಅಂತ ಕೂರಿಸಿ ಹೇಳುತ್ತೇನೆ. ಎದ್ದು ಹೋದವರು ಇದ್ದಾರೆ. ಅವರು ಹೋದದ್ದು ನನಗೆ ಸಂತೋಷವೇ. ಅವರೇ ಆಮೇಲೆ ಫೇಶಿಯಲ್‌ಗೆ, ತಂಗಿಯ ಮದುವೆಗೆ ಅಂತ ಬಂದಿದ್ದಾರೆ.

ಲೆಕ್ಕ ಹೇಳಿಬಿಡುತ್ತೇನೆ. ಬೀಡ್ಸ್ ಕೆಜಿಗೆ ಸಾವಿರದ ಆಸುಪಾಸು, ಬ್ರೆಜಿಲಿಯನ್‌ಗೆ ನೂರು ಗ್ರಾಂ ಹೋಗುತ್ತದೆ. ಒಮ್ಮೆ ಮೈಗೆ ತಾಗಿದ ಕಡ್ಡಿ ಮತ್ತೆ ಪಾತ್ರೆಗೆ ಇಳಿಯುವಂತಿಲ್ಲ, ಹಾಗಾಗಿ ಒಬ್ಬರಿಗೆ ಇಪ್ಪತ್ತರ ಮೇಲೆ ಕಡ್ಡಿ. ಗ್ಲೌಸ್, ಡಿಸ್ಪೋಸಬಲ್ ಪ್ಯಾಂಟಿ, ಮಂಚದ ಹಾಸು, ಹುಡುಗಿಯ ನೂರು, ಎಲ್ಲ ಸೇರಿ ಮುನ್ನೂರರ ಹತ್ತಿರ ಕೈಬಿಡುತ್ತದೆ. ಕಡ್ಡಿ ಉಳಿಸಲು ಎರಡೆರಡು ಸಲ ಅದ್ದುವ ಪಾರ್ಲರುಗಳಿವೆ, ಅವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ನನ್ನ ರೇಟು ಲೈನ್‌ಗೆ 350, ಫ್ರೆಂಚ್ 700, ಬ್ರೆಜಿಲಿಯನ್ ಆಗಲಿ ಪೂರ್ತಿಯಾಗಲಿ 1400. ಪಟ್ಟಿ ಬಿಟ್ಟರೆ ಕಡಿಮೆ ಮಾಡಿ ಅನ್ನುತ್ತಾರೆ, ಮಾಡುವುದಿಲ್ಲ, ಎರಡೂ ಬದಿ ಸಮ ಬರುವಂತೆ ಪಟ್ಟಿ ಬಿಡುವುದೇ ಹೆಚ್ಚು ಕೆಲಸ. ಆರು ವಾರದೊಳಗೆ ಮತ್ತೆ ಬಂದರೆ ಬ್ರೆಜಿಲಿಯನ್‌ಗೆ ಇನ್ನೂರು ಕಡಿಮೆ, ನಡುವೆ ರೇಜರ್ ಹಾಕಿಕೊಂಡು ಬಂದರೆ ಪೂರ್ತಿ ರೇಟು, ಮತ್ತೆ ಲೈನಿನಿಂದಲೇ ಶುರು.