ತೋಟಕ್ಕೆ ಶಿಕಾರಿಯವರು ನುಗ್ಗಿದರೆ: ಸಾಕ್ಷ್ಯ ಉಳಿಸುವುದು ಹೇಗೆ, ದೂರು ಕೊಡುವುದು ಎಲ್ಲಿ

ಮಲೆನಾಡು ಮತ್ತು ಕೊಡಗಿನ ಕಾಫಿ, ಅಡಿಕೆ, ಏಲಕ್ಕಿ ತೋಟಗಳಿಗೆ ಶಿಕಾರಿಯವರು ಹೊಕ್ಕಾಗ ಹೆಚ್ಚಿನ ಮಾಲೀಕರು ಮಾಡುವ ಕೆಲಸ ಒಂದೇ. ಬೆಳಗಾದ ಮೇಲೆ ಪೊಲೀಸ್ ಠಾಣೆಗೆ ಹೋಗಿ ‘ಯಾರೋ ತೋಟಕ್ಕೆ ನುಗ್ಗಿದ್ದರು’ ಎಂದು ಹೇಳಿ ಬರುತ್ತಾರೆ. ಅಷ್ಟರಲ್ಲಿ ಕೋವಿಯ ತೋಟಾದ (ಕಾಡತೂಸಿನ) ಖಾಲಿ ಕೊಳವೆಯನ್ನು ಯಾರೋ ಜೇಬಿಗೆ ಹಾಕಿಕೊಂಡಿರುತ್ತಾರೆ, ಉರುಳನ್ನು ಕಿತ್ತು ಎಸೆದಿರುತ್ತಾರೆ, ರಕ್ತದ ಗುರುತು ಮಳೆಗೆ ತೊಳೆದು ಹೋಗಿರುತ್ತದೆ. ಉಳಿಯುವುದು ಬರೀ ಅತಿಕ್ರಮ ಪ್ರವೇಶದ ಸಣ್ಣ ಕೇಸು. ಅದೇ ಘಟನೆಗೆ ವನ್ಯಜೀವಿ ಕಾಯ್ದೆ, ಶಸ್ತ್ರಾಸ್ತ್ರ ಕಾಯ್ದೆ ಎರಡೂ ಅನ್ವಯವಾಗುತ್ತಿದ್ದವು. ಅವು ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವ ಕ್ರಮ ಇಲ್ಲಿದೆ.

ಮೊದಲು ಕಾನೂನು ಏನನ್ನುತ್ತದೆ

ಬೇರೆಯವರ ಜಮೀನಿಗೆ ಕಾಲಿಟ್ಟ ಮಾತ್ರಕ್ಕೆ ನಮ್ಮಲ್ಲಿ ಕ್ರಿಮಿನಲ್ ಕೇಸು ಆಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 329ರ ಪ್ರಕಾರ, ಇನ್ನೊಬ್ಬರ ಸ್ವಾಧೀನದಲ್ಲಿರುವ ಸ್ವತ್ತಿನೊಳಗೆ ಅಪರಾಧ ಎಸಗುವ, ಅಥವಾ ಸ್ವಾಧೀನದಾರರನ್ನು ಹೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಉದ್ದೇಶದಿಂದ ಹೋಗಿರಬೇಕು. ಮೊದಲು ಒಪ್ಪಿಗೆ ಪಡೆದೇ ಬಂದವರು ಅಂಥ ಉದ್ದೇಶದಿಂದ ಅಲ್ಲೇ ಉಳಿದರೂ ಅಪರಾಧವೇ. ಶಿಕ್ಷೆ 3 ತಿಂಗಳವರೆಗೆ ಸೆರೆವಾಸ, ಇಲ್ಲವೇ ₹5,000ವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಐಪಿಸಿಯ 447ನೇ ಕಲಮಿನಲ್ಲಿ ದಂಡ ₹500 ಮಾತ್ರ ಇತ್ತು. ಕೆಲಸದವರು ವಾಸವಿರುವ ಲೈನ್ ಮನೆಗೋ ಕಾಫಿ ದಾಸ್ತಾನಿಟ್ಟ ಗೋದಾಮಿಗೋ ನುಗ್ಗಿದರೆ ಗೃಹ ಅತಿಕ್ರಮಣ. ಆಗ ಸೆರೆವಾಸ 1 ವರ್ಷದವರೆಗೆ.

ಹೀಗಾಗಿ ದೂರಿನಲ್ಲಿ ‘ಉದ್ದೇಶ’ ಕಾಣಲೇಬೇಕು. ಶಿಕಾರಿಯವರ ವಿಷಯದಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬೇಟೆಯೇ ಅಪರಾಧ, ಆ ಅಪರಾಧಕ್ಕಾಗಿಯೇ ಒಳಗೆ ಬಂದರು ಎಂದು ಬರೆದರೆ 329ಕ್ಕೆ ಬೇಕಾದದ್ದು ಸಿಕ್ಕಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಅನುಸೂಚಿ (ಕಾಯ್ದೆಯ ಕೊನೆಯ ಪಟ್ಟಿ) 1 ಮತ್ತು 2ರ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಕಾಡು, ಖಾಸಗಿ ತೋಟ ಎಂಬ ಭೇದ ಅದಕ್ಕಿಲ್ಲ. ಗುಂಡು ಹೊಡೆದು ಕೊಂದರೆ ಮಾತ್ರ ಬೇಟೆ ಎಂದುಕೊಳ್ಳಬಾರದು. ಉರುಳು, ಬಲೆ, ವಿಷ, ಆಮಿಷ, ಸೋವುವುದು (ಗದ್ದಲ ಮಾಡಿ ಅಟ್ಟುವುದು), ಇವುಗಳ ಪ್ರಯತ್ನ ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಪ್ರಾಣಿ ಸಾಯದಿದ್ದರೂ ಕೇಸು ನಿಲ್ಲುತ್ತದೆ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಸೆರೆವಾಸ ಅಥವಾ ₹1 ಲಕ್ಷದವರೆಗೆ ದಂಡ, ಅಥವಾ ಎರಡೂ. ಪ್ರಾಣಿ ಅನುಸೂಚಿ 1ರದ್ದಾದರೆ, ಉದಾಹರಣೆಗೆ ಕಾಟಿ (ಕಾಡುಕೋಣ), ಚಿರತೆ, ಚಿಪ್ಪುಹಂದಿ, ಆನೆ, ಕನಿಷ್ಠ 3ರಿಂದ ಗರಿಷ್ಠ 7 ವರ್ಷ ಸೆರೆವಾಸ. ಜೊತೆಗೆ ₹25,000ಕ್ಕೆ ಕಡಿಮೆಯಿಲ್ಲದ ದಂಡ. ಕಾಡುಹಂದಿ ಅನುಸೂಚಿ 2ರಲ್ಲಿದೆ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬಿದ್ದರೆ ಕೇಸಿನ ತೂಕವೇ ಬದಲಾಗುತ್ತದೆ.

‘ನಮ್ಮ ತೋಟ, ನಮ್ಮ ಹಂದಿ, ನಾವೇ ಹೊಡೆಯಿರಿ ಅಂದಿದ್ದೇವೆ’ ಎನ್ನುವ ಮಾತು ಊರಲ್ಲಿ ಓಡಾಡುತ್ತಿರುತ್ತದೆ. ಇದು ಪೂರಾ ತಪ್ಪು. ಬೇಟೆಯಾದ, ಸತ್ತು ಬಿದ್ದ ಕಾಡುಪ್ರಾಣಿ 39ನೇ ಕಲಂ ಪ್ರಕಾರ ಸರ್ಕಾರದ ಸ್ವತ್ತು. ಮಾಲೀಕರ ಒಪ್ಪಿಗೆ ಅತಿಕ್ರಮ ಪ್ರವೇಶವನ್ನು ಇಲ್ಲವಾಗಿಸಬಹುದು, ಬೇಟೆಯನ್ನು ಸಕ್ರಮ ಮಾಡಲಾರದು. ಒಪ್ಪಿಗೆ ಕೊಟ್ಟವರು ಕುಮ್ಮಕ್ಕಿನ ಆರೋಪಿಗಳಾಗುತ್ತಾರೆ, ಅಷ್ಟೆ. ಅನುಸೂಚಿ 2ರ ಪ್ರಾಣಿ ನಿಂತ ಬೆಳೆಗೆ ಅಪಾಯಕಾರಿಯಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರಾಗಲಿ ಅವರು ಅಧಿಕಾರ ಕೊಟ್ಟವರಾಗಲಿ 11ನೇ ಕಲಂ ಅಡಿ ಲಿಖಿತ ಆದೇಶ ಕೊಡಬಹುದು. ಆ ಕಾಗದ ಕೈಯಲ್ಲಿಲ್ಲದೆ ಯಾರೂ ಹೊಡೆಯುವಂತಿಲ್ಲ. ಬೆಳೆ ರಕ್ಷಣೆಗೆಂದು ಸಿಕ್ಕ ಕೋವಿ ಲೈಸೆನ್ಸು ಆ ಕಾಗದವಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ 2029ರ ಅಕ್ಟೋಬರ್‌ವರೆಗೆ ಇರುವ ವಿನಾಯಿತಿಯೂ ಅಲ್ಲ.

ಹಂತ 1: ಮೊದಲೇ ಸಿದ್ಧವಾಗಿರಬೇಕಾದವು

ಒಂದು ಕಡತದಲ್ಲಿ ಈಚಿನ ಪಹಣಿ, ಕಂದಾಯ ರಸೀದಿ, ಸರ್ವೆ ನಕ್ಷೆ ಮತ್ತು ಚೆಕ್ಕುಬಂದಿಯ (ನಾಲ್ಕೂ ಕಡೆಯ ಗಡಿಯ) ವಿವರ ಇಡಿ. ಅತಿಕ್ರಮ ಪ್ರವೇಶಕ್ಕೆ ನೋಡುವುದು ಒಡೆತನಕ್ಕಿಂತ ಸ್ವಾಧೀನವನ್ನು. ಹಾಗಾಗಿ ಗುತ್ತಿಗೆಗೆ ತೋಟ ಹಿಡಿದವರೂ ದೂರು ಕೊಡಬಹುದು. ಮಾಲೀಕರು ಬೆಂಗಳೂರಿನಲ್ಲಿದ್ದರೆ ತೋಟ ನೋಡಿಕೊಳ್ಳುವ ರೈಟರೇ ಕೊಡಬಹುದು. ಗಡಿ ತಕರಾರಿದ್ದರೆ ಹದ್ದುಬಸ್ತಿಗೆ (ಅಳತೆ ಮಾಡಿ ಗಡಿ ಗುರುತಿಸುವುದಕ್ಕೆ) ಈಗಲೇ ಅರ್ಜಿ ಹಾಕಿ. ‘ಅದು ನಿಮ್ಮ ಜಾಗವೇ ಅಲ್ಲ’ ಎಂಬ ಒಂದು ಮಾತಿಗೆ ಎಷ್ಟೋ ಕೇಸುಗಳು ನಿಂತುಹೋಗುತ್ತವೆ.

ಫಲಕ ಹಾಕಲೇಬೇಕೆಂದು ಕಾನೂನಿಲ್ಲ. ಆದರೂ ಹಾಕಿ. ‘ದಾರಿ ತಪ್ಪಿ ಬಂದೆವು, ಗೊತ್ತಿರಲಿಲ್ಲ’ ಎನ್ನುವುದಕ್ಕೆ ಅದು ಉತ್ತರ. ಗೇಟಿಗೊಂದು ಹಾಕಿದರೆ ಸಾಲದು, ಶಿಕಾರಿಯವರು ಗೇಟಿನಿಂದ ಬರುವುದಿಲ್ಲ. ತೋಡು (ಸಣ್ಣ ಹಳ್ಳ) ದಾಟುವ ಜಾಗ, ಬೇಲಿಯ ಕಂಡಿ, ಪಕ್ಕದ ತೋಟದಿಂದ ಇಳಿಯುವ ಕಾಲುದಾರಿ, ಇಲ್ಲೆಲ್ಲ ಕಣ್ಣಿನ ಎತ್ತರಕ್ಕೆ ಇರಲಿ. ‘ಖಾಸಗಿ ಜಾಗ, ಸರ್ವೆ ನಂಬರ್ ಇಂತಿಷ್ಟು, ಅನುಮತಿಯಿಲ್ಲದೆ ಪ್ರವೇಶವಿಲ್ಲ, ಬೇಟೆ ಮತ್ತು ಉರುಳು ಹಾಕುವುದು ಶಿಕ್ಷಾರ್ಹ’ ಎಂದಿದ್ದರೆ ಸಾಕು. ಹಾಕಿದ ದಿನವೇ ಫೋಟೊ ತೆಗೆದಿಡಿ. ಆದರೆ ದೇವಸ್ಥಾನಕ್ಕೋ ಪಕ್ಕದ ಮನೆಗೋ ಹೋಗಲು ರೂಢಿಯಿಂದ ಬಂದ ದಾರಿಯಿದ್ದರೆ ಅದನ್ನು ಮುಚ್ಚಬೇಡಿ. ಆ ದಾರಿಯಲ್ಲಿ ನಡೆಯುವವರು ಅತಿಕ್ರಮಿಗಳಲ್ಲ. ನಾಳೆ ಸಾಕ್ಷಿ ಹೇಳಬೇಕಾದವರೂ ಅವರೇ.

ಕ್ಯಾಮೆರಾ ಇಡುವುದಾದರೆ ಮನುಷ್ಯರ ಎದೆಯ ಮಟ್ಟಕ್ಕೆ ಕಟ್ಟಿ, ದಾರಿಗೆ ಅಡ್ಡಲಾಗಿ ನೋಡದೆ ದಾರಿಯುದ್ದಕ್ಕೆ ಓರೆಯಾಗಿ ನೋಡುವಂತೆ ತಿರುಗಿಸಿ. ಅಡ್ಡ ಇಟ್ಟರೆ ಸಿಗುವುದು ಅರ್ಧ ಭುಜ, ಒಂದು ಕಾಲು. 850 ನ್ಯಾನೊಮೀಟರಿನ ಇನ್ಫ್ರಾರೆಡ್ ದೀಪ ಕತ್ತಲಲ್ಲಿ ಮಂದ ಕೆಂಪಾಗಿ ಕಾಣುತ್ತದೆ, ಕಂಡರೆ ಕ್ಯಾಮೆರಾವೇ ಮಾಯ. 940ರದ್ದು ಕಾಣುವುದಿಲ್ಲ, ಬೆಳಕಿನ ದೂರ ಕೊಂಚ ಕಡಿಮೆ. ಎಲ್ಲಕ್ಕಿಂತ ಮೊದಲು ಅದರ ಗಡಿಯಾರ ಸರಿಯಿದೆಯೇ ನೋಡಿ. ಬ್ಯಾಟರಿ ಬದಲಾಯಿಸಿದಾಗ ದಿನಾಂಕ ಹಿಂದಕ್ಕೆ ಹೋದರೆ ಒಳ್ಳೆಯ ಚಿತ್ರವೂ ನ್ಯಾಯಾಲಯದಲ್ಲಿ ಅನುಮಾನಕ್ಕೆ ಈಡಾಗುತ್ತದೆ.

ಹಂತ 2: ಆ ರಾತ್ರಿ

ಈಡಿನ ಶಬ್ದ ಕೇಳಿತು, ತಲೆ ಬ್ಯಾಟರಿ ಬೆಳಕು ಕಂಡಿತು. ಹುಡುಕಿಕೊಂಡು ಹೋಗಬೇಡಿ. ಕತ್ತಲಲ್ಲಿ ಅಲುಗಿದ ಗಿಡಕ್ಕೆ ಗುಂಡು ಬೀಳುತ್ತದೆ. ಹಂದಿಯೆಂದು ಮನುಷ್ಯರಿಗೇ ಹೊಡೆದ ಪ್ರಕರಣಗಳು ಮಲೆನಾಡಿಗೆ ಹೊಸತಲ್ಲ. ಕೂಡಲೇ 112ಕ್ಕೆ ಕರೆ ಮಾಡಿ, ಜೊತೆಗೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ನಿಮ್ಮ ವಲಯ ಅರಣ್ಯಾಧಿಕಾರಿಗೆ. ಕರೆ ಮಾಡಿದ ಹೊತ್ತು ಬರೆದಿಡಿ. ರಸ್ತೆಬದಿ ನಿಂತ ಜೀಪು, ಬೈಕುಗಳ ನಂಬರು ಬಹಳ ಮುಖ್ಯ, ಯಾಕೆಂದರೆ ಬೇಟೆಗೆ ಬಳಸಿ ಜಪ್ತಿಯಾದ ವಾಹನ, ಕೋವಿ, ಬಲೆ ಎಲ್ಲವೂ ಸರ್ಕಾರದ ಸ್ವತ್ತಾಗುತ್ತವೆ. ಹಲವರಿಗೆ ಜೈಲಿಗಿಂತ ಜೀಪು ಹೋಗುವ ಭಯ ದೊಡ್ಡದು.

ಹಿಡಿದು ಕಟ್ಟಿಹಾಕಬಹುದೇ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಸಾಮಾನ್ಯ ನಾಗರಿಕರು ಬಂಧಿಸಬಹುದಾದದ್ದು ತಮ್ಮ ಕಣ್ಣೆದುರು ಜಾಮೀನುರಹಿತ, ಸಂಜ್ಞೇಯ (ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧ ಮಾಡಿದವರನ್ನು, ಇಲ್ಲವೇ ಘೋಷಿತ ಅಪರಾಧಿಯನ್ನು ಮಾತ್ರ. ಅದೂ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬರೀ ಅತಿಕ್ರಮ ಪ್ರವೇಶ ಜಾಮೀನು ಸಿಗುವ ಅಪರಾಧ. ಅದಕ್ಕಾಗಿ ಕಟ್ಟಿಹಾಕಿದರೆ, ಹೊಡೆದರೆ, ಅಕ್ರಮ ಬಂಧನ ಮತ್ತು ಹಲ್ಲೆಯ ಕೇಸು ನಿಮ್ಮ ಮೇಲೆ ಬರುತ್ತದೆ. ಆಮೇಲೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಲು ಊರಿನವರಿಗೆ ಅದೇ ದಾರಿ. ಕೋವಿ ಎತ್ತುವ ಮಾತಂತೂ ಬೇಡವೇ ಬೇಡ. ಸ್ವತ್ತಿನ ರಕ್ಷಣೆಯ ಹಕ್ಕು ಅಗತ್ಯಕ್ಕಿಂತ ಹೆಚ್ಚಿನ ಹಾನಿಗೆ ಅವಕಾಶ ಕೊಡುವುದಿಲ್ಲ; ತೋಟಕ್ಕೆ ಬಂದಿದ್ದರು ಎಂಬ ಒಂದೇ ಕಾರಣಕ್ಕೆ, ಅದೂ ಓಡುತ್ತಿರುವವರ ಮೇಲೆ, ಗುಂಡು ಹಾರಿಸಿದರೆ ಕೊಲೆಯತ್ನ.

ಹಂತ 3: ಬೆಳಗ್ಗೆ ಸ್ಥಳದಲ್ಲಿ

ಬೆಳಕಾದ ಮೇಲೆ ಕೆಲಸದವರನ್ನೆಲ್ಲ ಒಟ್ಟಿಗೆ ಕರೆದುಕೊಂಡು ಹೋಗಬೇಡಿ, ಹೆಜ್ಜೆಗುರುತು ಅಳಿಯುತ್ತದೆ. ಇಬ್ಬರು ಸಾಕು. ಮೊದಲು ದೂರದಿಂದ ಇಡೀ ಜಾಗ ಕಾಣುವಂತೆ ಒಂದು ಫೋಟೊ, ಆಮೇಲೆ ಹತ್ತಿರದಿಂದ ನಾಣ್ಯವನ್ನೋ ಬೆಂಕಿಪೊಟ್ಟಣವನ್ನೋ ಪಕ್ಕದಲ್ಲಿಟ್ಟು ಇನ್ನೊಂದು. ಕೊಳವೆ, ರಕ್ತ, ಕೂದಲು, ಬೀಡಿ ತುಂಡು, ಸಿಗರೇಟಿನ ಪೊಟ್ಟಣ, ಯಾವುದನ್ನೂ ಎತ್ತಬೇಡಿ. ಮಳೆ ಬರುವ ಹಾಗಿದ್ದರೆ ಮೇಲಿನಿಂದ ಟಾರ್ಪಾಲು ಕಟ್ಟಿ, ನೆಲಕ್ಕೆ ತಾಗದಿರಲಿ. ಉಂಡೆಯಂತೆ ಸುತ್ತಿದ, ಹಿಟ್ಟೋ ಕೊಬ್ಬೋ ಮೆತ್ತಿದ ಗಂಟು ಕಂಡರೆ ಸಿಡಿಮದ್ದಿರಬಹುದು. ಕೋಲಿನಿಂದಲೂ ಮುಟ್ಟದೆ, ನಾಯಿ ಮತ್ತು ದನಗಳನ್ನು ದೂರ ಕಟ್ಟಿ, ಪೊಲೀಸರಿಗೆ ತಿಳಿಸಿ. ಅದಕ್ಕೆ ಸ್ಫೋಟಕ ಕಾಯ್ದೆಗಳೂ ಅನ್ವಯವಾಗುತ್ತವೆ.

ಉರುಳು ಹುಡುಕಲು ಬೇಲಿಯ ಗುಂಟ ನಡೆಯಬೇಕು. ಹಂದಿ ನುಸುಳುವ ಕಂಡಿಯ ಎರಡೂ ಬದಿಗೆ ಹೊಸದಾಗಿ ಕಡಿದ ಸೊಪ್ಪು, ಕಡ್ಡಿ ಚುಚ್ಚಿ ದಾರಿಯನ್ನು ಕಿರಿದು ಮಾಡಿದ್ದರೆ ಅಲ್ಲಿ ಉರುಳಿದೆ ಎಂದೇ ತಿಳಿಯಿರಿ. ಮೊಣಕಾಲು ಮಟ್ಟದಲ್ಲಿ ಬೈಕಿನ ಬ್ರೇಕು, ಕ್ಲಚ್ಚು ವೈರಿನ ಕುಣಿಕೆ ಇರುತ್ತದೆ, ಇನ್ನೊಂದು ತುದಿ ಗಟ್ಟಿ ಬುಡಕ್ಕೆ ಬಿಗಿದಿರುತ್ತದೆ. ಇಲ್ಲಿ ಆಗುವ ದೊಡ್ಡ ತಪ್ಪು, ಸಿಟ್ಟಿನಿಂದ ಅದನ್ನು ಕಿತ್ತು ತೋಡಿಗೆ ಎಸೆಯುವುದು. ವೈರು ಯಾವ ಬುಡಕ್ಕೆ, ಹೇಗೆ ಗಂಟು ಹಾಕಿತ್ತು ಎಂಬುದೇ ಸಾಕ್ಷ್ಯ. ಇಲಾಖೆಯವರು ಬರುವವರೆಗೆ ಕುಣಿಕೆಗೆ ಕೋಲು ಅಡ್ಡವಿಟ್ಟು ಪ್ರಾಣಿ ಬೀಳದಂತೆ ಮಾಡಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಚಿರತೆ ಜೀವಂತ ಸಿಕ್ಕಿಬಿದ್ದಿದ್ದರೆ ಹತ್ತಿರ ಹೋಗಲೇಬೇಡಿ, ಜನ ಸೇರಲು ಬಿಡಬೇಡಿ. ಗದ್ದಲಕ್ಕೆ ಜಗ್ಗಿದಷ್ಟೂ ವೈರು ಮಾಂಸದೊಳಕ್ಕೆ ಇಳಿಯುತ್ತದೆ. ಒಮ್ಮೊಮ್ಮೆ ವೈರು ಹರಿದು ಚಿರತೆ ಹೊರಗೂ ಬರುತ್ತದೆ.

ಸತ್ತ ಪ್ರಾಣಿ ಸಿಕ್ಕಿದರೆ ಹೂಳುವುದಾಗಲಿ ಸುಡುವುದಾಗಲಿ ಕೂಡದು. ಸರ್ಕಾರದ ಸ್ವತ್ತು ಕೈಗೆ ಬಂದರೆ 48 ಗಂಟೆಯೊಳಗೆ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕೆಂದು 39ನೇ ಕಲಂ ಹೇಳುತ್ತದೆ. ಅಷ್ಟು ಕಾಯದೆ ಆಗಲೇ ತಿಳಿಸಿ. ಮುಚ್ಚಿಟ್ಟ ಸಾವು ಹೊರಬಿದ್ದರೆ ಮೊದಲ ಅನುಮಾನ ತೋಟದವರ ಮೇಲೇ. ಕೆಲಸದವರಿಗೂ ಖಡಾಖಂಡಿತವಾಗಿ ಹೇಳಿಡಿ: ಶಿಕಾರಿಯವರು ಕೊಡುವ ಮಾಂಸದ ಪಾಲು ಮುಟ್ಟಬಾರದು. ಮಾಂಸ ವಶದಲ್ಲಿತ್ತೆಂದು ಸಾಬೀತಾದರೆ ಅದು ಅಕ್ರಮವಲ್ಲವೆಂದು ತೋರಿಸುವ ಹೊಣೆ ಇಟ್ಟುಕೊಂಡವರದು. ಹೊಡೆದವರು ತಪ್ಪಿಸಿಕೊಂಡು, ಪಾಲು ತಿಂದ ಬಡವರು ಸಿಕ್ಕಿಬೀಳುವುದು ಹೀಗೆ.

ಹಂತ 4: ಎರಡು ಕಡೆ ದೂರು

ಕೇಸು ಗಟ್ಟಿಯಾಗುವುದೂ ಸೋಲುವುದೂ ಇಲ್ಲೇ. ವನ್ಯಜೀವಿ ಕಾಯ್ದೆಯ 55ನೇ ಕಲಂ ಪ್ರಕಾರ, ಅಧಿಕಾರವುಳ್ಳ ಅಧಿಕಾರಿ ನ್ಯಾಯಾಲಯಕ್ಕೆ ದೂರು ಸಲ್ಲಿಸಿದರೆ ಮಾತ್ರ ಆ ಅಪರಾಧದ ವಿಚಾರಣೆ ಶುರುವಾಗುತ್ತದೆ. ಇಲ್ಲವಾದರೆ 60 ದಿನದ ನೋಟಿಸು ಕೊಟ್ಟ ನಾಗರಿಕರು ತಾವೇ ದೂರು ಸಲ್ಲಿಸಬೇಕು. ಠಾಣೆಯ ಎಫ್‌ಐಆರ್ ಒಂದನ್ನೇ ನೆಚ್ಚಿದರೆ ವನ್ಯಜೀವಿ ಭಾಗ ಬಿದ್ದುಹೋಗುವ ಅಪಾಯವಿದೆ. ಆದ್ದರಿಂದ ಒಂದೇ ಘಟನೆಗೆ ಎರಡು ಪ್ರತಿ: ಅತಿಕ್ರಮ, ಕೋವಿ, ಬೆದರಿಕೆ, ಬೆಳೆನಷ್ಟಕ್ಕೆ ಠಾಣೆಗೊಂದು; ಬೇಟೆ, ಉರುಳು, ಮೃತದೇಹಕ್ಕೆ ವಲಯ ಅರಣ್ಯ ಕಚೇರಿಗೊಂದು. ಒಂದರಲ್ಲಿ ಇನ್ನೊಂದರ ಉಲ್ಲೇಖವಿರಲಿ. ಎರಡಕ್ಕೂ ಸ್ವೀಕೃತಿ ಪಡೆಯಿರಿ.

ಬರಹ ಹೀಗಿದ್ದರೆ ಸಾಕು: ‘ದಿನಾಂಕ …ರ ರಾತ್ರಿ ಸುಮಾರು 11.20ಕ್ಕೆ, … ಗ್ರಾಮದ ಸರ್ವೆ ನಂಬರ್ …ರಲ್ಲಿ ನನ್ನ ಸ್ವಾಧೀನದಲ್ಲಿರುವ ಕಾಫಿ ತೋಟಕ್ಕೆ ಪೂರ್ವದ ತೋಡಿನ ಕಡೆಯಿಂದ ಮೂವರು ತಲೆ ಬ್ಯಾಟರಿ ಮತ್ತು ಕೋವಿ ಸಮೇತ, ಕಾಡುಪ್ರಾಣಿ ಬೇಟೆಯಾಡುವ ಉದ್ದೇಶದಿಂದ, ನನ್ನ ಒಪ್ಪಿಗೆಯಿಲ್ಲದೆ ಪ್ರವೇಶಿಸಿದ್ದಾರೆ. 2 ಬಾರಿ ಗುಂಡಿನ ಶಬ್ದ ಕೇಳಿದೆ. ಸ್ಥಳದಲ್ಲಿ ಕಂಡ ವಸ್ತುಗಳನ್ನು ಮುಟ್ಟದೆ ಕಾವಲಿಟ್ಟಿದ್ದೇನೆ.’ ಕಂಡದ್ದು, ಕೇಳಿದ್ದು ಮಾತ್ರ ಬರೆಯಿರಿ. ಹಳೇ ದ್ವೇಷಕ್ಕೆ ಅನುಮಾನದ ಹೆಸರು ಸೇರಿಸಿದರೆ ಪಾಟೀಸವಾಲಿನಲ್ಲಿ ಇಡೀ ದೂರು ಕುಸಿಯುತ್ತದೆ. ಲೈಸೆನ್ಸಿಲ್ಲದ ಕೋವಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ 2ರಿಂದ 5 ವರ್ಷ ಸೆರೆವಾಸ. ನಿಮ್ಮ ಹಸುವನ್ನೋ ನಾಯಿಯನ್ನೋ ಕೊಂದಿದ್ದರೆ ನ್ಯಾಯ ಸಂಹಿತೆಯ 325ನೇ ಕಲಂ ಅಡಿ 5 ವರ್ಷದವರೆಗೆ. ಇವೆಲ್ಲ ದೂರಿನಲ್ಲಿ ಬಂದಿದ್ದರೆ ತನಿಖೆಗೂ ಬರುತ್ತವೆ.

ಠಾಣೆಯಲ್ಲಿ ‘ನಮ್ಮ ವ್ಯಾಪ್ತಿ ಅಲ್ಲ’ ಎಂದರೆ, ವ್ಯಾಪ್ತಿ ನೋಡದೆ ದಾಖಲಿಸಬೇಕೆಂದು ಸುರಕ್ಷಾ ಸಂಹಿತೆಯ 173ನೇ ಕಲಂ ಇದೆ. ಆನ್‌ಲೈನಿನಲ್ಲಿ ಕೊಟ್ಟಿದ್ದರೆ 3 ದಿನದೊಳಗೆ ಹೋಗಿ ಸಹಿ ಹಾಕಿ. ಎಫ್‌ಐಆರ್ ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ.

ಕ್ಯಾಮೆರಾ ಚಿತ್ರಗಳನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಚಿತ್ರ ಕುಗ್ಗುತ್ತದೆ, ದಿನಾಂಕದ ಮಾಹಿತಿ ಅಳಿಯುತ್ತದೆ. ಮೂಲ ಮೆಮೊರಿ ಕಾರ್ಡನ್ನು ತೆಗೆದು ಲಕೋಟೆಯಲ್ಲಿಟ್ಟು, ಕ್ಯಾಮೆರಾಕ್ಕೆ ಬೇರೆ ಕಾರ್ಡು ಹಾಕಿ. ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ಒಂದು ಭಾಗ ನಿಮ್ಮದು, ಇನ್ನೊಂದು ತಜ್ಞರದು. ಡಿಜಿಟಲ್ ಫೈಲಿನ ಹ್ಯಾಶ್ ಮೌಲ್ಯವೂ (ಫೈಲು ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಅದರಲ್ಲಿ ನಮೂದಾಗಬೇಕು.

ಹಂತ 5: ಮಹಜರು ಮತ್ತು ಆಮೇಲಿನದು

ಮಹಜರಿನ ಹೊತ್ತಿಗೆ ನೀವು ಸ್ಥಳದಲ್ಲಿರಿ. ಸರ್ವೆ ನಂಬರ್, ಚೆಕ್ಕುಬಂದಿ, ಸಿಕ್ಕ ವಸ್ತುಗಳ ಎಣಿಕೆ ಓದಿ ನೋಡದೆ ಸಹಿ ಹಾಕಬೇಡಿ. ಪಂಚರೆಲ್ಲ (ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವವರು) ನಿಮ್ಮ ತೋಟದ ಆಳುಗಳೇ ಆಗುವುದು ಒಳ್ಳೆಯದಲ್ಲ, ಅಕ್ಕಪಕ್ಕದವರೂ ಇರಲಿ. ಪ್ರಾಣಿಯ ಮರಣೋತ್ತರ ಪರೀಕ್ಷೆ ಪಶುವೈದ್ಯರಿಂದ ಆಗಬೇಕು. ಗುಂಡಿನ ಚೂರು ಸಿಕ್ಕರೆ ಕೋವಿಗೆ ತಾಳೆ ನೋಡಲು ಅದೇ ಆಧಾರ.

ಸ್ವಲ್ಪ ದಿನಕ್ಕೆ ರಾಜಿ ಮಾತು ಬರುತ್ತದೆ. ಅತಿಕ್ರಮ ಪ್ರವೇಶದ ಕೇಸನ್ನು ಸ್ವಾಧೀನದಾರರು ರಾಜಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಬೇಟೆಯ ಕೇಸು ನಿಮ್ಮ ಕೈಯಲ್ಲಿಲ್ಲ. ಕನಿಷ್ಠ ಸೆರೆವಾಸ ನಿಗದಿಯಾದ ಅಪರಾಧವನ್ನು ಇಲಾಖೆ ಕೂಡ ರಾಜಿ ಮಾಡುವಂತಿಲ್ಲ. ಊರ ಹಿರಿಯರು ಮನೆಗೆ ಬಂದಾಗ ಈ ಮಾತನ್ನು ಹಾಗೆಯೇ ಹೇಳಬಹುದು, ಒತ್ತಡ ತಗ್ಗುತ್ತದೆ. ಬೆದರಿಕೆ ಬಂದರೆ ಅದು ನ್ಯಾಯ ಸಂಹಿತೆಯ ಕಲಂ 351ರ ಬೇರೆಯೇ ಅಪರಾಧ, ಅದಕ್ಕೆ ಹೊಸ ದೂರು.

ದೂರು ಕೊಟ್ಟವರಿಗೆ ತನಿಖೆಯ ಪ್ರಗತಿಯನ್ನು ಪೊಲೀಸರು 90 ದಿನದೊಳಗೆ ತಿಳಿಸಬೇಕು, ತಿಳಿಸದಿದ್ದರೆ ಬರೆದು ಕೇಳಿ. ಅತಿಕ್ರಮ ಪ್ರವೇಶದ ಅಪರಾಧವನ್ನು ನ್ಯಾಯಾಲಯ 1 ವರ್ಷದೊಳಗೆ ಕೈಗೆತ್ತಿಕೊಳ್ಳಬೇಕೆಂಬ ಮಿತಿಯಿದೆ. ಅದೇ ಜನ ಮತ್ತೆ ಮತ್ತೆ ಬರುತ್ತಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಶಾಶ್ವತ ನಿರ್ಬಂಧಕಾಜ್ಞೆಗೆ ದಾವೆ ಹೂಡಬಹುದು. ಮುರಿದ ಬೇಲಿ, ತುಳಿದ ಗಿಡಗಳಿಗೆ ಪರಿಹಾರ ಕೇಳುವುದಾದರೆ ಪ್ರವೇಶದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಗಿಡಗಳ ಎಣಿಕೆ ಮತ್ತು ಫೋಟೊ ಮಹಜರಿನ ದಿನದ್ದೇ ಇರಲಿ.