ಎಳೆಯುವ ಹಗ್ಗ, ತಡೆಯುವ ಹಗ್ಗ

ಮಳೆಗಾಲ ಬಂತು ಅಂದರೆ ಶಿರಾಡಿ ಘಾಟಿಯಲ್ಲಿ ಟೋಯಿಂಗ್ ಗಾಡಿ ಇಟ್ಟುಕೊಂಡವರಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಸಕಲೇಶಪುರದಿಂದ ಗುಂಡ್ಯದವರೆಗೆ ತಿರುವಿನ ಮೇಲೆ ತಿರುವು. ಮಂಜು ಬೇರೆ. ಎದುರಿಗೆ ಗ್ಯಾಸ್ ಟ್ಯಾಂಕರು, ಮೀನಿನ ಲಾರಿ, ರಾತ್ರಿ ಬಸ್ಸು. ಕಳೆದ ಜುಲೈನಲ್ಲಿ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ದೋಣಿಗಾಲ್ ದಾಟಿ ಸ್ವಲ್ಪ ಮುಂದೆ ಒಂದು ಸ್ವಿಫ್ಟ್ ಪಲ್ಟಿ ಹೊಡೆದಿದೆ ಅಂತ.

ನಾವು ಹೋಗುವಷ್ಟರಲ್ಲಿ ಒಳಗಿದ್ದ ನಾಲ್ಕೂ ಜನ ಹೊರಗೆ ಬಂದಿದ್ದರು. ಎಲ್ಲರೂ ಬೆಲ್ಟ್ ಹಾಕಿದ್ದರಿಂದ ತರಚು ಗಾಯ ಅಷ್ಟೇ. ಮನೆಯವರನ್ನು ಯಾರೋ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದ್ದರು. ಯಜಮಾನರು ಮಾತ್ರ ಮಳೆಯಲ್ಲಿ ನಿಂತಿದ್ದರು. ಕಾರು ಎಡಮಗ್ಗುಲಿಗೆ ಮಲಗಿತ್ತು. ಚಕ್ರಗಳು ರಸ್ತೆ ಕಡೆಗೆ, ಟಾಪು ಗುಡ್ಡದ ಕಡೆಗೆ. ಸುತ್ತ ಹದಿನೈದು ಜನ ಸೇರಿದ್ದರು. ಒಬ್ಬರು ಆಗಲೇ ಪಂಚೆ ಎತ್ತಿ ಕಟ್ಟಿಕೊಂಡು, "ಇಷ್ಟು ಜನ ಇದ್ದೀವಲ್ಲ ಅಣ್ಣ, ಒಂದು ಸಲ ಕೈ ಹಾಕಿದ್ರೆ ನಿಲ್ಲುತ್ತೆ" ಅಂದರು.

"ಬೇಡಿ ಸ್ವಾಮಿ, ಸ್ವಲ್ಪ ಹಿಂದೆ ನಿಲ್ಲಿ" ಅಂದೆ. ಅವರ ಮನಸ್ಸು ಒಳ್ಳೆಯದೇ. ಆದರೆ ಮಗ್ಗುಲಾದ ಕಾರನ್ನು ಕೈಯಿಂದ ತಳ್ಳಿದಾಗ, ಅದು ಯಾವ ಗಳಿಗೆಯಲ್ಲಿ ಕೈಬಿಟ್ಟು ಹೋಗುತ್ತದೆ ಅಂತ ತಳ್ಳುವವರಿಗೆ ಗೊತ್ತಾಗುವುದಿಲ್ಲ. ಕಾಲು ಜಾರಿದರೆ ಕಾರಿನ ಅಡಿಗೇ ಹೋಗುತ್ತಾರೆ.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ. ಕಾರನ್ನು ಎಬ್ಬಿಸುವುದು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾದ ಕಷ್ಟ ಇರುವುದು ಇಳಿಸುವುದರಲ್ಲಿ. ಮಗ್ಗುಲಾದ ಕಾರು ನಾಲ್ಕು ಚಕ್ರದ ಮೇಲೆ ನಿಲ್ಲಬೇಕಾದರೆ 90 ಡಿಗ್ರಿ ತಿರುಗಬೇಕು. ಅದರಲ್ಲಿ ಮೊದಲ 30-35 ಡಿಗ್ರಿ ಮಾತ್ರ ವಿಂಚಿನ, ಅಂದರೆ ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರದ ಕೆಲಸ. ಇಂಜಿನ್ನು, ಗೇರ್‌ಬಾಕ್ಸು ಎಲ್ಲ ತಳದಲ್ಲೇ ಇರುವುದರಿಂದ ಕಾರಿನ ಭಾರ ಚಕ್ರದ ಕಡೆಗೇ ಜಾಸ್ತಿ. ಆ ಭಾರ ಕೆಳಗಿನ ಚಕ್ರದ ಗೆರೆ ದಾಟಿದ ಕೂಡಲೇ ಕಾರು ತಾನಾಗಿಯೇ ಬೀಳಲು ಶುರು ಮಾಡುತ್ತದೆ. ಉಳಿದ ಅರ್ಧಕ್ಕಿಂತ ಹೆಚ್ಚು ದಾರಿ ಬರೀ ಬೀಳುವುದೇ. ಆಗ ಹಿಂದಿನಿಂದ ಹಿಡಿದು ನಿಧಾನವಾಗಿ ಬಿಡಲು ಒಂದು ಹಗ್ಗ ಇಲ್ಲದಿದ್ದರೆ ಕಾರು ಧಡ್ ಅಂತ ಅಪ್ಪಳಿಸುತ್ತದೆ.

ಮೊದಲ ವರ್ಷ ನಾನೇ ಹಾಗೆ ಮಾಡಿದ್ದೆ. ಒಂದೇ ಹಗ್ಗ ಕಟ್ಟಿ ಎಳೆದೆ. ಕಾರು ಬಿದ್ದ ರಭಸಕ್ಕೆ ಮುಂದಿನ ಚಕ್ರವನ್ನು ತಳಕ್ಕೆ ಹಿಡಿದಿಡುವ ಲೋವರ್ ಆರ್ಮ್ ಬಾಗಿತು, ಅಪಘಾತದಲ್ಲೂ ಒಡೆಯದೆ ಉಳಿದಿದ್ದ ಗಾಜು ಪುಡಿಯಾಯಿತು. ಹ್ಯಾಂಡ್‌ಬ್ರೇಕ್ ಎಳೆದಿರಲಿಲ್ಲ. ಇಳಿಜಾರಿನಲ್ಲಿ ಉರುಳಿಕೊಂಡು ಬಂದು ನಮ್ಮ ಗಾಡಿಗೇ ತಾಗಿ ನಿಂತಿತು. ನಡುವೆ ಯಾರೂ ಇರಲಿಲ್ಲ, ಅದೇ ಪುಣ್ಯ. ಆ ರಿಪೇರಿ ದುಡ್ಡು ನಾನೇ ಕೊಟ್ಟೆ. ಅವತ್ತಿನಿಂದ ತಡೆಹಗ್ಗ ಕಟ್ಟದೆ ಒಂದು ಕಾರನ್ನೂ ಎಬ್ಬಿಸಿಲ್ಲ.

ದೋಣಿಗಾಲಿಗೆ ಬರುತ್ತೇನೆ. ಮೊದಲು ತಿರುವಿಗಿಂತ ಹಿಂದೆಯೇ ಕೆಂಪು ತ್ರಿಕೋನ ಇಡಿಸಿದೆ. ತಿರುವು ದಾಟಿದ ಮೇಲೆ ಇಟ್ಟರೆ ಬರುವ ಗಾಡಿಗೆ ಬ್ರೇಕ್ ಹಾಕಲು ಜಾಗ ಸಿಗುವುದಿಲ್ಲ. ಆಮೇಲೆ ಟಾರ್ಚ್ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದೆ. ಅಡಿಯಲ್ಲಿ ಯಾರೂ ಇಲ್ಲ ಅಂತ ಬಗ್ಗಿ ನೋಡಿದೆ. ಪೆಟ್ರೋಲ್ ವಾಸನೆ ಬರುತ್ತಿತ್ತು. ಎರಡು ಬಕೆಟ್ ಮಣ್ಣು ಸುರಿಸಿ, ಬೀಡಿ ಸೇದುತ್ತಿದ್ದವರನ್ನು ದೂರ ಕಳಿಸಿದೆ. ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ಮೈನಸ್ ಬಿಚ್ಚಿದೆ. ಸಿಎನ್‌ಜಿ ಗಾಡಿ ಆಗಿದ್ದರೆ ಸಿಲಿಂಡರಿನ ವಾಲ್ವ್ ಮುಚ್ಚಬೇಕು. ಎಲೆಕ್ಟ್ರಿಕ್ ಗಾಡಿ ಆಗಿದ್ದರೆ ಕಿತ್ತಳೆ ಬಣ್ಣದ ವೈರಿನ ಹತ್ತಿರ ಕೈ ಹಾಕಲೇಬಾರದು. ಬ್ಯಾಟರಿ ಇರುವುದೇ ತಳದಲ್ಲಿ, ಅಲ್ಲಿಂದ ಹೊಗೆ ಬಂದರೆ ನಾನು ಮುಟ್ಟುವುದಿಲ್ಲ, ಅಗ್ನಿಶಾಮಕದವರಿಗೆ ಫೋನ್ ಮಾಡುತ್ತೇನೆ. ಯಜಮಾನರಿಗೆ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಲು ಹೇಳಿದೆ, ಇನ್ಶೂರೆನ್ಸಿಗೆ ಬೇಕಾಗುತ್ತದೆ. ಯಾರಿಗಾದರೂ ಜೋರು ಪೆಟ್ಟಾಗಿದ್ದರೆ ಪೊಲೀಸರು ಬಂದು ನೋಡುವವರೆಗೆ ನಾನು ಹಗ್ಗವನ್ನೇ ಬಿಚ್ಚುವುದಿಲ್ಲ.

ಇನ್ನು ಕಟ್ಟುವುದು. ಇದಕ್ಕೆ ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಚಕ್ರ ಕಾಣುವ ಕಡೆಗೆ ಎಳೆಯಬೇಕು. ಟಾಪಿನ ಕಡೆಗೆ ಎಳೆದರೆ ಕಾರು ತಲೆಕೆಳಗಾಗುತ್ತದೆ. ಮೇಲೆ ಎದ್ದಿರುವ ಬಲಗಡೆಯ ಎರಡು ಚಕ್ರಗಳಿಗೆ ಒಂದೊಂದು ಬೆಲ್ಟ್, ಅಂದರೆ ಭಾರ ಎತ್ತುವ ನೂಲಿನ ಪಟ್ಟಿ, ಹಾಕುತ್ತೇನೆ. ಅಲಾಯ್ ಚಕ್ರ ಆದರೆ ಕಡ್ಡಿಗಳ ನಡುವೆ ಬೆಲ್ಟ್ ತೂರಿಸುತ್ತೇನೆ, ಕೊಕ್ಕೆ ಹಾಕುವುದಿಲ್ಲ. ಸಣ್ಣ ತೂತಿನ ಕಬ್ಬಿಣದ ರಿಮ್ ಆದರೆ ಮುಂದೆ ಲೋವರ್ ಆರ್ಮಿನ ಬುಡಕ್ಕೆ, ಹಿಂದೆ ಎರಡು ಚಕ್ರಗಳನ್ನು ಸೇರಿಸುವ ಆಕ್ಸಲ್ ಬೀಮಿಗೆ. ಸ್ಟೀರಿಂಗ್ ರಾಡು, ಡ್ರೈವ್ ಶಾಫ್ಟು, ಸೈಲೆನ್ಸರು ಕೈಗೆ ಸುಲಭವಾಗಿ ಸಿಗುತ್ತವೆ. ಅವನ್ನು ಮುಟ್ಟಬಾರದು. ಟಾಪಿನ ಕಂಬಕ್ಕೂ ಕಟ್ಟಬಾರದು.

ಎರಡೂ ಬೆಲ್ಟ್ ಮುಂದೆ ಬಂದು ಒಂದು ಶ್ಯಾಕಲ್‌ನಲ್ಲಿ, ಅಂದರೆ ಕಬ್ಬಿಣದ ಕೊಂಡಿಯಲ್ಲಿ ಸೇರುತ್ತವೆ. ಅಲ್ಲಿಗೆ ವಿಂಚಿನ ಹಗ್ಗ. ಇಲ್ಲಿ ಬೆಲ್ಟ್ ಉದ್ದ ಇರಬೇಕು. ಗಿಡ್ಡ ಬೆಲ್ಟ್ ಹಾಕಿದರೆ ಎರಡೂ ಅಗಲವಾಗಿ ತೆರೆದುಕೊಳ್ಳುತ್ತವೆ. ನಡುವಿನ ಕೋನ 120 ಡಿಗ್ರಿ ಆಯಿತು ಅಂದರೆ, ಹಂಚಿಕೊಳ್ಳಬೇಕಾದ ಭಾರವನ್ನು ಒಂದೊಂದು ಬೆಲ್ಟೂ ಪೂರ್ತಿ ಹೊರುತ್ತದೆ. ಸ್ವಿಫ್ಟಿನಂಥ ಕಾರಿಗೆ ನಾನು ಮೂರು ಮೀಟರಿನ ಹಸಿರು ಬೆಲ್ಟ್ ಬಳಸುತ್ತೇನೆ. ಹಸಿರು ಅಂದರೆ ಎರಡು ಟನ್, ನೇರಳೆ ಒಂದು, ಹಳದಿ ಮೂರು. ಕತ್ತಲಲ್ಲೂ ಬಣ್ಣ ನೋಡಿ ಎತ್ತಿಕೊಳ್ಳಬಹುದು. ಇನ್ನೊಂದು ಮಾತು. ಇಂಜಿನ್ ಮುಂದೆ ಇರುವುದರಿಂದ ಶ್ಯಾಕಲ್ ಸರಿಯಾಗಿ ನಡುವೆ ಬರಬಾರದು, ಮುಂದಿನ ಚಕ್ರದ ಕಡೆಗೆ ಸ್ವಲ್ಪ ಸರಿದಿರಬೇಕು. ಇಲ್ಲದಿದ್ದರೆ ಹಿಂಭಾಗ ಮೊದಲು ಎದ್ದು ಕಾರು ತಿರುಚಿಕೊಳ್ಳುತ್ತದೆ.

ಎಳೆಯಲು ಬೇಕಾದ ಬಲ ಜನ ಅಂದುಕೊಂಡಷ್ಟು ಇಲ್ಲ. ಸ್ವಿಫ್ಟ್ ಸುಮಾರು 900 ಕೆಜಿ. ಮೇಲಿನ ಚಕ್ರಕ್ಕೆ ಕಟ್ಟಿ ಅಡ್ಡಕ್ಕೆ ಎಳೆದರೆ ಅದರ ಮೂರನೇ ಒಂದು ಪಾಲು, ಅಂದರೆ 300 ಕೆಜಿ ಎಳೆತಕ್ಕೆ ಏಳಲು ಶುರುವಾಗುತ್ತದೆ. ತೊಂದರೆ ಏನೆಂದರೆ, ಒದ್ದೆ ಟಾರಿನ ಮೇಲೆ ಬರೀ ತಗಡು ಒರಗಿರುವ ಕಾರು ಹೆಚ್ಚುಕಡಿಮೆ ಅಷ್ಟೇ ಎಳೆತಕ್ಕೆ ಜಾರಿಕೊಂಡೂ ಬರುತ್ತದೆ. ಅದಕ್ಕೇ ನೆಲಕ್ಕೆ ತಾಗಿರುವ ಎಡಗಡೆಯ ಎರಡೂ ಚಕ್ರಗಳ ಮುಂದೆ ಮರದ ದಿಮ್ಮಿ ಕೊಟ್ಟು ಭದ್ರ ಮಾಡಬೇಕು. ಹಾಗೆ ಮಾಡಿದರೆ ಕಾರು ಜಾರದೆ ಆ ಚಕ್ರಗಳ ಮೇಲೇ ತಿರುಗುತ್ತದೆ.

ತಡೆಹಗ್ಗವನ್ನೂ ಅದೇ ಬಲಗಡೆಯ ಚಕ್ರಗಳಿಗೇ ಕಟ್ಟುತ್ತೇನೆ. ಆದರೆ ಅದು ಬಾಗಿಲುಗಳ ಮೇಲೆ ಹಾದು, ಟಾಪಿನ ಅಂಚು ದಾಟಿ ಹಿಂದಕ್ಕೆ ಹೋಗುತ್ತದೆ. ಕಾರು ತಿರುಗಿದಂತೆಲ್ಲ ಹಗ್ಗ ಬಾಗಿಲನ್ನೂ ಟಾಪನ್ನೂ ಬಳಸಿಕೊಳ್ಳುತ್ತದೆ. ಹಾಗಾಗಿ ಚಕ್ರ ನೆಲ ಮುಟ್ಟುವ ಕೊನೆಯ ಗಳಿಗೆಯವರೆಗೂ ಹಿಡಿತ ತಪ್ಪುವುದಿಲ್ಲ. ಟಾಪಿನ ಅಂಚಿಗೆ ಕಂಬಳಿ ಮಡಚಿ ಇಡುತ್ತೇನೆ, ಬಣ್ಣ ಕೀಳುವುದಿಲ್ಲ. ಕೊನೆಯಲ್ಲಿ ಈ ಹಗ್ಗ ಕಾರಿನ ಅರ್ಧ ಭಾರದಷ್ಟು ಹೊರಬೇಕಾಗುತ್ತದೆ. ಅಂದರೆ ಎಳೆಯುವ ಹಗ್ಗಕ್ಕಿಂತ ತಡೆಯುವ ಹಗ್ಗವೇ ಗಟ್ಟಿ ಇರಬೇಕು. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಎಳೆಯಲು ಒಳ್ಳೆಯ ವೈರ್ ರೋಪ್, ತಡೆಯಲು ಲಾರಿಗೆ ಕಟ್ಟುವ ಹಳೇ ಹಗ್ಗ.

ಅವತ್ತು ಗುಡ್ಡದ ಕಡೆ ಒಂದು ದಪ್ಪ ಮರ ಇತ್ತು. ಬುಡ ಅಲ್ಲಾಡುತ್ತದಾ ಅಂತ ನೋಡಿದೆ. ಮಳೆಯಲ್ಲಿ ನೆನೆದ ಕೆಂಪು ಮಣ್ಣನ್ನು ನಂಬುವ ಹಾಗಿಲ್ಲ. ಗಟ್ಟಿ ಇತ್ತು. ದಪ್ಪ ನೈಲಾನ್ ಹಗ್ಗವನ್ನು ಮರಕ್ಕೆ ಮೂರು ಸುತ್ತು ಸುತ್ತಿ, ತುದಿಯನ್ನು ನಮ್ಮ ಹುಡುಗನ ಕೈಗೆ ಕೊಟ್ಟೆ. ಮೂರು ಸುತ್ತಿದ್ದರೆ ಸುತ್ತಿನ ಉಜ್ಜಾಟವೇ ಭಾರ ಹಿಡಿಯುತ್ತದೆ, ಒಬ್ಬ ಮನುಷ್ಯ ಬೆರಳಷ್ಟು ಬೆರಳಷ್ಟು ಬಿಡಬಹುದು. ಮರ ಇಲ್ಲದ ಕಡೆ ಇನ್ನೊಂದು ವಿಂಚ್ ಗಾಡಿ ಕರೆಸುತ್ತೇನೆ. ರಸ್ತೆ ಬದಿಯ ತಗಡಿನ ತಡೆಬೇಲಿಗೋ ಮೈಲಿಗಲ್ಲಿಗೋ ಕಟ್ಟುವುದಿಲ್ಲ. ಅವು ಕಿತ್ತು ಬರುವುದನ್ನು ನೋಡಿದ್ದೇನೆ.

"ಲೋ, ನನ್ನ ಕೈ ಮಾತ್ರ ನೋಡು. ಬೇರೆ ಯಾರು ಕೂಗಿದ್ರೂ ಕೇಳಬೇಡ."

"ಸರಿ ಅಣ್ಣ."

ಕಾರಿನೊಳಗೆ ಕೈ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿದೆ. ವಿಂಚಿನ ರೋಪಿನ ನಡುವೆ ಒದ್ದೆ ಗೋಣಿಚೀಲ ನೇತುಹಾಕಿದೆ. ರೋಪ್ ಹರಿದರೆ ಚಾಟಿಯ ಹಾಗೆ ಬೀಸುತ್ತದೆ, ಚೀಲದ ಭಾರ ಅದನ್ನು ನೆಲಕ್ಕೆ ಎಳೆಯುತ್ತದೆ. ಆದರೂ ರೋಪಿನ ಉದ್ದ ಎಷ್ಟೋ ಅಷ್ಟು ದೂರಕ್ಕೆ ಜನರನ್ನು ಕಳಿಸಿದೆ. ವಿಂಚಿನಲ್ಲಿ ರೋಪ್ ಸುತ್ತಿಕೊಳ್ಳುವ ಡ್ರಮ್ಮಿನ ಮೇಲೆ ಐದು ಸುತ್ತು ಉಳಿದಿದೆಯಾ ಅಂತಲೂ ನೋಡಿಕೊಂಡೆ.

ವಿಂಚ್ ಶುರು ಮಾಡಿದೆ. ಬೆಲ್ಟ್ ಬಿಗಿಯಾದ ಕೂಡಲೇ ನಿಲ್ಲಿಸಿ ಎಲ್ಲ ಗಂಟು ಇನ್ನೊಮ್ಮೆ ನೋಡಿದೆ. ಮತ್ತೆ ಶುರು. ಕಾರು ಕಿರ್ ಅಂತ ಸದ್ದು ಮಾಡಿ ಮೆಲ್ಲಗೆ ಎದ್ದಿತು. ಒಳಗೆ ಗಾಜಿನ ಚೂರು ಜರಜರ ಜಾರಿದವು. ಒಂದು ಅಡಿ, ಎರಡು ಅಡಿ. ಇದ್ದಕ್ಕಿದ್ದಂತೆ ವಿಂಚಿನ ಸದ್ದು ಹಗುರಾಯಿತು. ಅದೇ ಗುರುತು, ಭಾರ ಗೆರೆ ದಾಟಿತು ಅಂತ. ಹಿಂದಿನ ಹಗ್ಗ ಟಪ್ ಅಂತ ಬಿಗಿಯಿತು. ನಾನು ಅಂಗೈ ಕೆಳಗೆ ಮಾಡಿ ತೋರಿಸಿದೆ. ಹುಡುಗ ಬಿಡುತ್ತಾ ಬಂದ. ಮುಂದಿನ ರೋಪು ಸಡಿಲವಾಗಿ ನೆಲ ಮುಟ್ಟಿತು. ಸ್ವಿಫ್ಟು ಮಗುವನ್ನು ತೊಟ್ಟಿಲಿಗೆ ಮಲಗಿಸಿದ ಹಾಗೆ ಬಲಗಡೆಯ ಚಕ್ರ ಊರಿ, ಒಂದು ಸಲ ತೂಗಿ ನಿಂತಿತು. ಪಂಚೆ ಕಟ್ಟಿದ್ದವರು ದೂರದಿಂದಲೇ ಚಪ್ಪಾಳೆ ಹೊಡೆದರು. ಕಟ್ಟಲು ನಲವತ್ತು ನಿಮಿಷ, ಎಬ್ಬಿಸಲು ಮೂರು ನಿಮಿಷ.

ಪೂರ್ತಿ ತಲೆಕೆಳಗಾದ ಕಾರಾದರೆ ಇದೇ ಕೆಲಸ ಎರಡು ಹಂತದಲ್ಲಿ. ಆಚೆ ಬದಿಯ ಚಕ್ರಗಳಿಗೆ ಬೆಲ್ಟ್ ಹಾಕಿ, ತಳದ ಮೇಲಿಂದ ನಮ್ಮ ಕಡೆಗೆ ಎಳೆದು ಮೊದಲು ಮಗ್ಗುಲಿಗೆ ತರುತ್ತೇನೆ. ಸೈಲೆನ್ಸರ್ ಬಿಸಿ ಇದ್ದರೆ ಬೆಲ್ಟ್ ಕರಗುತ್ತದೆ, ಬಿಸಿ ಆರಿದೆಯಾ ಅಂತ ನೋಡಿಯೇ ಹಾಕಬೇಕು. ಮಗ್ಗುಲಿಗೆ ಬಂದ ಮೇಲೆ ನಿಲ್ಲಿಸಿ, ದಿಮ್ಮಿ ಕೊಟ್ಟು, ಎಲ್ಲವನ್ನೂ ಹೊಸದಾಗಿ ಕಟ್ಟಿ ಎರಡನೇ ಸಲ. ಒಂದೇ ಎಳೆತದಲ್ಲಿ ಎರಡೂ ಸುತ್ತು ಮುಗಿಸಲು ಹೋಗಬಾರದು. ಇನ್ನೋವಾ ಥರದ ಗಾಡಿ 1800 ಕೆಜಿ ಹತ್ತಿರ ಇರುತ್ತದೆ. ಅದಕ್ಕೆ ಪುಲ್ಲಿ ಹಾಕಿ ರೋಪನ್ನು ವಾಪಸ್ ತರುತ್ತೇನೆ. ಎಳೆತ ಎರಡು ಪಟ್ಟು, ವೇಗ ಅರ್ಧ. ನಮಗೆ ನಿಧಾನವೇ ಬೇಕು ಅಲ್ವಾ?

ಕಾರು ನಿಂತ ಖುಷಿಗೆ ಯಜಮಾನರು ಕೀ ಹಿಡಿದು ಬಂದರು, "ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ. ತಡೆದೆ. ಮಗ್ಗುಲಾದಾಗ ಇಂಜಿನ್ ಆಯಿಲ್ ಸಿಲಿಂಡರಿಗೆ ಇಳಿದಿರಬಹುದು. ದ್ರವವನ್ನು ಪಿಸ್ಟನ್ ಅದುಮಲಾರದು, ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಅಲ್ಲಿಗೆ ಇಂಜಿನ್ ಕೆಲಸ, ಅದೂ ಅಪಘಾತದಿಂದ ಆಗಿದ್ದಲ್ಲ. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಜಿನ್ ತಿರುಗಿಸಿ, ಆಯಿಲ್ ಹೊರಗೆ ಹಾಕಿದ ಮೇಲೆಯೇ ಕೀ ಹಾಕಬೇಕು. ಅವರು ತಲೆಯಾಡಿಸಿ, ಸೀಟಿನ ಅಡಿಯಿಂದ ಮಗಳ ಸ್ಕೂಲ್ ಬ್ಯಾಗು ಹುಡುಕಿ ಎತ್ತಿಕೊಂಡರು. ಕಾರನ್ನು ಫ್ಲಾಟ್‌ಬೆಡ್ ಮೇಲೆ ಹತ್ತಿಸಿ, ರಸ್ತೆಯ ಗಾಜು ಗುಡಿಸಿ ಹೊರಟಾಗ ಹನ್ನೊಂದೂಮುಕ್ಕಾಲು.

ಬೆಳಿಗ್ಗೆ ಬೆಲ್ಟುಗಳನ್ನು ತೊಳೆದು ಶೆಡ್ಡಿನ ತೊಲೆಗೆ ಒಣಹಾಕಿದೆವು. ಮರಳು, ಗಾಜಿನ ಪುಡಿ ಒಳಗೆ ಕೂತರೆ ನೂಲನ್ನು ಒಳಗಿಂದಲೇ ಕತ್ತರಿಸುತ್ತದೆ. ನಾನು ಒಂದೊಂದನ್ನೂ ಬೆರಳಿನ ನಡುವೆ ಹಿಡಿದು ಉದ್ದಕ್ಕೂ ಸವರಿ ನೋಡಿದೆ. ಮುಂದಿನ ಚಕ್ರಕ್ಕೆ ಹಾಕಿದ್ದ ಬೆಲ್ಟಿನ ಅಂಚಿನಲ್ಲಿ ಬೆರಳ ಗೆಣ್ಣಿನಷ್ಟು ಉದ್ದದ ಸೀಳು ಸಿಕ್ಕಿತು. ತಂದು ಎರಡು ತಿಂಗಳಾಗಿತ್ತು ಅಷ್ಟೇ. "ಸಣ್ಣ ಕೆಲಸಕ್ಕೆ ಇಟ್ಟುಕೊಳ್ಳೋಣ ಅಣ್ಣ" ಅಂದ ಹುಡುಗ. ಇಟ್ಟರೆ ಯಾವತ್ತೋ ಕತ್ತಲಲ್ಲಿ ಇದೇ ಕೈಗೆ ಬರುತ್ತದೆ. ಕತ್ತಿ ತರಿಸಿ ನಡುವಿಗೆ ಎರಡು ತುಂಡು ಮಾಡಿದೆ. ಹೊಸದು ತರಲು ಅವನು ಹಾಸನದ ಬಸ್ಸು ಹತ್ತಿದ.